ಪಿಟ್ಟೂ ಬೇಡ, ಲಿಫ್ಟೂ ಬೇಡ, ಮೊದಲು ನೆಲ ಹಾಕಿಸಿ

ಬೆಳಗಾವಿಯ ಹಿಂದವಾಡಿಯಲ್ಲಿ ಮನೆ, ಹಿತ್ತಲಲ್ಲಿ 12 ಬೈ 20 ಫೂಟು ಜಾಗ, ಹಳೇ ಕಾರು ಬಿಚ್ಚಿ ಜೋಡಿಸೋ ಹುಚ್ಚು. ಈಗ ಗಾಡಿ ಕೆಳಗೆ ಇಳಿದು ನಿಲ್ಲೋಕೆ ಪಿಟ್, ಅಂದರೆ ಗುಂಡಿ ತೋಡಿಸಲಾ, ಎರಡು ಕಂಬದ ನಡುವೆ ಕಾರು ಎತ್ತೋ ಟೂ ಪೋಸ್ಟ್ ಲಿಫ್ಟ್ ಕೂರಿಸಲಾ ಅಂತ ಕೇಳಿದ್ದೀರಿ. ನಾನು ಪಿಟ್ ತೋಡಿಸಿದವನು. ಅದೂ ನಿಮ್ಮ ಪಕ್ಕದ ಟಿಳಕವಾಡಿಯಲ್ಲೇ. ಹಾಗಾಗಿ ಯಾವುದು ಲಾಭ ಅಂತ ತೂಗಿ ನೋಡೋ ಉತ್ತರ ನನ್ನಿಂದ ಬರಲ್ಲ, ಬೇಜಾರಾಗಬೇಡಿ.

ನನ್ನದು ಪ್ರೀಮಿಯರ್ ಪದ್ಮಿನಿ, ಅದೇ ಹಳೇ ಫಿಯಾಟ್ ಕಾರು. ಕೊಲ್ಹಾಪುರದಿಂದ ತಂದದ್ದು. ಅದಕ್ಕೂ ಮುಂಚೆ ಗೇಟಿನ ಮುಂದೆ ರಸ್ತೆ ಬದಿಯಲ್ಲೇ ಕೆಲಸ ಮಾಡುತ್ತಿದ್ದೆ. ಬೆನ್ನ ಕೆಳಗೆ ಗೋಣಿಚೀಲ, ಮುಖದ ಮೇಲೆ ಮಣ್ಣು. ಶೆಡ್ ಕಟ್ಟಿಸೋಕೆ ಹೊರಟಾಗ ತಲೆಯಲ್ಲಿ ಇದ್ದದ್ದು ಒಂದೇ: ಗಾಡಿ ಕೆಳಗೆ ನಿಂತು ಕೆಲಸ ಮಾಡಬೇಕು. ನಮ್ಮ ಕಡೆ ಹಳೇ ಗ್ಯಾರೇಜುಗಳಲ್ಲೆಲ್ಲ ಪಿಟ್ ಇರುತ್ತದೆ ಅಲ್ವಾ, ಲಾರಿ ರಿಪೇರಿ ಮಾಡೋ ಕಡೆ ಅಂತೂ ಇದ್ದೇ ಇರುತ್ತದೆ. ಉದ್ದ ಹತ್ತು ಫೂಟು, ಅಗಲ ಮೂರು, ಆಳ ಐದು ಅಂತ ಹಾಳೆ ಮೇಲೆ ಗೆರೆ ಎಳೆದು ಗೌಂಡಿ ಕೈಗೆ ಕೊಟ್ಟೆ.

ತೋಡಿಸಿದ್ದು ಏಪ್ರಿಲಿನಲ್ಲಿ. ಬೆಳಗಾವಿಯ ಕೆಂಪು ಮಣ್ಣು ಏಪ್ರಿಲಿನಲ್ಲಿ ಹೇಗಿರುತ್ತದೆ ಅಂತ ನಿಮಗೆ ಗೊತ್ತು. ಗುದ್ದಲಿ ಹಾಕಿದರೆ ಪುಡಿ ಹಾರುತ್ತಿತ್ತು. ಐದು ಫೂಟಿನ ತಳದಲ್ಲೂ ಹಸಿ ಇರಲಿಲ್ಲ. ಗೌಂಡಿ ಒಂಬತ್ತಿಂಚಿನ ಇಟ್ಟಿಗೆ ಗೋಡೆ ಕಟ್ಟಿದ, ತಳಕ್ಕೆ ನಾಲ್ಕಿಂಚು ಕಾಂಕ್ರೀಟ್ ಹಾಕಿದ, ಒಳಗಿಂದ ವಾಟರ್‌ಪ್ರೂಫ್ ಪುಡಿ ಕಲಸಿದ ಪ್ಲಾಸ್ಟರ್ ಮಾಡಿದ. ನೋಡೋಕೆ ಚೆಂದ ಇತ್ತು. ಗೋಡೆಯಲ್ಲಿ ಪಾನಾ ಇಡೋಕೆ ಗೂಡು, ಇಳಿಯೋಕೆ ಮೆಟ್ಟಿಲು, ಬಲ್ಬಿಗೆ ಹೋಲ್ಡರ್, ಎಲ್ಲಾ ಇತ್ತು.

ಪಕ್ಕದ ಮನೆ ಕಾಕಾ ಕಾಂಪೌಂಡ್ ಮೇಲಿಂದ ಬಗ್ಗಿ ನೋಡಿ, "ತಮ್ಮಾ, ಬಾವಿ ತೋಡಸಾಕತ್ತೀಯೇನು?" ಅಂದರು. ನಾನು ನಕ್ಕೆ. ಅವರು ನಗಲಿಲ್ಲ. "ನಮ್ಮ ಬಾವಿ ಶ್ರಾವಣದಾಗ ಬಂದು ನೋಡು. ಬಗ್ಗಿದರ ಕೈಗೆ ನೀರು ಸಿಗತಾವ" ಅಂದರು. ಟಿಳಕವಾಡಿಯಲ್ಲಿ ಹುಟ್ಟಿ ಬೆಳೆದವನಿಗೆ ಇದನ್ನು ಇನ್ನೊಬ್ಬರು ಹೇಳಬೇಕಾಗಿರಲಿಲ್ಲ. 1924ರಲ್ಲಿ ಗಾಂಧೀಜಿ ಅಧ್ಯಕ್ಷತೆಯ ಕಾಂಗ್ರೆಸ್ ಅಧಿವೇಶನ ಇಲ್ಲೇ ನಡೆದದ್ದು. ಬಂದವರ ನೀರಿಗೆ ಅಂತ ಆಗ ತೋಡಿದ ಕಾಂಗ್ರೆಸ್ ಬಾವಿ ಇನ್ನೂ ಇದೆ. ಅದರ ಮುಂದೆ ದಿನಾ ಓಡಾಡಿಯೂ ಈ ನೆಲದಲ್ಲಿ ನೀರು ಎಷ್ಟು ಮೇಲಿದೆ ಅಂತ ನಾನು ಯೋಚಿಸಿರಲಿಲ್ಲ.

ಜೂನ್ ಕಳೆಯಿತು, ಏನೂ ಆಗಲಿಲ್ಲ. ಜುಲೈಯಲ್ಲಿ ಗೋಡೆಯೂ ತಳವೂ ಸೇರೋ ಮೂಲೆಯಲ್ಲಿ ಒಂದು ಕಪ್ಪು ಗೆರೆ ಕಂಡಿತು. ಬೆರಳು ಸವರಿದರೆ ಒದ್ದೆ. ಆಮೇಲೆ ಆ ಗೆರೆ ಗೋಡೆ ಹತ್ತಿತು. ಪ್ಲಾಸ್ಟರ್ ಅಲ್ಲಲ್ಲಿ ಉಬ್ಬಿ, ತಟ್ಟಿದರೆ ಟೊಳ್ಳು ಸದ್ದು ಬಂತು. ಒಂದು ಬೆಳಿಗ್ಗೆ ಶಟರ್ ಎತ್ತಿದರೆ ಪಿಟ್ಟಿನಲ್ಲಿ ಮೊಣಕಾಲುದ್ದ ನೀರು, ಮೇಲೆ ಆಯಿಲಿನ ಬಣ್ಣಬಣ್ಣದ ಪದರ, ಒಂದು ಚಪ್ಪಲಿ ತೇಲುತ್ತಿದೆ.

ಅರ್ಧ ಎಚ್‌ಪಿ ಮೋಟಾರ್ ಇಟ್ಟು ಹೊರಗೆ ಹಾಕಿದೆ. ಬೆಳಗಾಗುವಷ್ಟರಲ್ಲಿ ಮತ್ತೆ ತುಂಬಿತ್ತು. ಗೌಂಡಿ ಬಂದು ಪ್ಲಾಸ್ಟರ್ ಕೆರೆದು ಇನ್ನೊಂದು ಕೋಟ್ ಹೊಡೆದ. ಅದೂ ಉದುರಿತು. ಇಲ್ಲಿ ಸ್ವಲ್ಪ ಜಾಸ್ತಿ ಬಿಡಿಸಿ ಹೇಳುತ್ತೇನೆ, ಯಾಕೆಂದರೆ ನಿಮಗೂ ಯಾರೋ ಒಬ್ಬರು "ವಾಟರ್‌ಪ್ರೂಫ್ ಮಾಡಿಸಿದರೆ ಆಯ್ತು ಬಿಡಿ" ಅಂತ ಹೇಳಿಯೇ ಹೇಳುತ್ತಾರೆ.

ನೀರು ಇರೋದು ಗೋಡೆಯ ಹೊರಗೆ. ನೀವು ಪ್ಲಾಸ್ಟರ್ ಹೊಡೆಯೋದು ಒಳಗೆ. ಹೊರಗಿನ ನೀರು ಇಟ್ಟಿಗೆಯಲ್ಲಿ ತೂರಿ ಬಂದು ಪ್ಲಾಸ್ಟರನ್ನು ಹಿಂದಿನಿಂದ ತಳ್ಳುತ್ತದೆ. ನೀರಿನ ತೊಟ್ಟಿಗೆ ಒಳಗಿಂದ ಪ್ಲಾಸ್ಟರ್ ನಿಲ್ಲುತ್ತದೆ, ಯಾಕೆಂದರೆ ಅಲ್ಲಿ ನೀರು ಅದನ್ನು ಗೋಡೆಗೆ ಒತ್ತುತ್ತದೆ. ಪಿಟ್ಟಿನಲ್ಲಿ ಗೋಡೆಯಿಂದ ಕೀಳುತ್ತದೆ. ಕೆಲಸವೇ ಉಲ್ಟಾ.

ಇನ್ನು ತಳದ ಲೆಕ್ಕ. ಹೊರಗೆ ಮಣ್ಣಲ್ಲಿ ನೀರು ತಳಕ್ಕಿಂತ ನಾಲ್ಕು ಫೂಟು, ಅಂದರೆ 1.2 ಮೀಟರ್ ಮೇಲೆ ನಿಂತರೆ, ಪಿಟ್ಟಿನ ತಳವನ್ನು ಕೆಳಗಿಂದ ಮೇಲಕ್ಕೆ ಒತ್ತೋ ಭಾರ ಒಂದು ಚದರ ಮೀಟರಿಗೆ 1200 ಕೆಜಿ. ನಾಲ್ಕಿಂಚು ಕಾಂಕ್ರೀಟಿನ ಸ್ವಂತ ತೂಕ ಚದರ ಮೀಟರಿಗೆ ಸುಮಾರು 240 ಕೆಜಿ ಅಷ್ಟೇ. ನನ್ನ ಪಿಟ್ಟಿನ ತಳ ಮೂರು ಚದರ ಮೀಟರಿಗೆ ಸ್ವಲ್ಪ ಕಡಿಮೆ. ಒಟ್ಟು ಮೂರು ಟನ್ನಿಗೂ ಜಾಸ್ತಿ ಒತ್ತಡ ಕೆಳಗಿಂದ! ನಾನು ಮೋಟಾರ್ ಹಚ್ಚಿ ಒಳಗಿನ ನೀರು ಖಾಲಿ ಮಾಡಿದಷ್ಟೂ ಆ ಒತ್ತಡವನ್ನು ತಡೆಯೋದು ಏನೂ ಉಳಿಯುತ್ತಿರಲಿಲ್ಲ. ಕೊನೆಗೆ ತಳ ನಡುವೆ ಉದ್ದಕ್ಕೆ ಸೀಳಿತು. ಸರಿಯಾಗಿ ಮಾಡಬೇಕು ಅಂದರೆ ತಳ, ಗೋಡೆ ಎರಡೂ ಸರಳು ಹಾಕಿದ ಕಾಂಕ್ರೀಟಿನ ಒಂದೇ ಪೆಟ್ಟಿಗೆ ಆಗಬೇಕು, ಜಾಯಿಂಟಿಗೆ ನೀರು ತಡೆಯೋ ಪಟ್ಟಿ (ವಾಟರ್ ಬಾರ್) ಬೇಕು, ವಾಟರ್‌ಪ್ರೂಫಿಂಗ್ ಹೊರಗಿನ ಮೈಗೆ ಆಗಬೇಕು. ಅಷ್ಟು ದುಡ್ಡಲ್ಲಿ ಇನ್ನೊಂದು ಪದ್ಮಿನಿ ಬರುತ್ತದೆ.

ನೀರು ಹಾಳಾಗಲಿ, ಅದು ಕಣ್ಣಿಗೆ ಕಾಣುತ್ತದೆ. ಕಾಣದೆ ಹಾಳಾದದ್ದು ಗಾಡಿ. ಮಳೆಗಾಲ ಪೂರ್ತಿ ಕಾರು ಪಿಟ್ಟಿನ ಮೇಲೇ ನಿಂತಿತ್ತು, ಹಲಗೆ ಮುಚ್ಚಿದ್ದೆ ಅಂತ ಧೈರ್ಯ. ಹಲಗೆಯ ಸಂದಿಯಿಂದ ಹಸಿ ಗಾಳಿ ನೇರವಾಗಿ ಗಾಡಿಯ ಹೊಟ್ಟೆಗೆ. ಗಣಪತಿ ಹಬ್ಬ ಮುಗಿದ ಮೇಲೆ ಮ್ಯಾಟ್ ಎತ್ತಿ ನೋಡಿದೆ. ಡ್ರೈವರ್ ಸೀಟಿನ ಮುಂದೆ, ಕಾಲಿಡೋ ಕಡೆ, ಬಣ್ಣ ಗುಳ್ಳೆ ಎದ್ದಿತ್ತು. ಸ್ಕ್ರೂಡ್ರೈವರ್ ತುದಿ ಮೆಲ್ಲಗೆ ಒತ್ತಿದೆ. ಹಪ್ಪಳದ ಹಾಗೆ ಮುರಿದು ಆ ಕಡೆ ಹೋಯಿತು. ಜೀಪಿಗಾದರೆ ಕೆಳಗೆ ಬೇರೆ ಚಾಸಿ, ಅಂದರೆ ಭಾರ ಹೊರೋ ಚೌಕಟ್ಟು ಇರುತ್ತದೆ. ಪದ್ಮಿನಿಗೆ, ಮಾರುತಿ 800ಕ್ಕೆ ಹಾಗಿಲ್ಲ, ತಳದ ತಗಡೇ ಚಾಸಿ. ಬಾಗಿಲ ಕೆಳಗಿನ ಪಟ್ಟಿ ತುಕ್ಕು ಹಿಡಿದರೆ ಜಾಕ್ ಹಚ್ಚಿದಾಗ ಗಾಡಿ ಏಳಲ್ಲ, ಜಾಕ್ ಒಳಗೆ ಹೋಗುತ್ತದೆ. ಎರಡೂ ಕಡೆ ತಗಡು ಕತ್ತರಿಸಿ ಹೊಸದು ವೆಲ್ಡ್ ಮಾಡಿಸಬೇಕಾಯಿತು. ಆ ಬಿಲ್ಲು ಪಿಟ್ಟಿನ ಖರ್ಚನ್ನೂ ಮೀರಿಸಿತು.

ಇಷ್ಟಾದರೂ ಬೇಸಿಗೆಯಲ್ಲಿ ಬಳಸೋಣ ಅಂತ ಇಟ್ಟುಕೊಂಡಿದ್ದೆ. ಅದನ್ನು ಬಿಡಿಸಿದ್ದು ಖಂಜರ್ ಗಲ್ಲಿ ಕಡೆಯ ಒಬ್ಬ ಹಳೇ ಉಸ್ತಾದ್. ಫಿಯಾಟ್ ಕೆಲಸ ಗೊತ್ತಿದ್ದವರು. ಪೆಟ್ರೋಲ್ ಪೈಪು ಬದಲಾಯಿಸೋಕೆ ಬಂದಿದ್ದರು. ಪೈಪು ಬಿಚ್ಚಿದಾಗ ಒಂದಿಷ್ಟು ಪೆಟ್ರೋಲ್ ಪಿಟ್ಟಿಗೆ ಸುರಿಯಿತು. ಒರೆಸಿದರೆ ಆಯ್ತು ಅಂತ ನಾನು ಬಲ್ಬಿನ ಸ್ವಿಚ್ಚಿಗೆ ಕೈ ಹಾಕಿದೆ. "ಕೈ ತಗೀ!" ಅಂತ ಉಸ್ತಾದ್ ಕೂಗಿದ್ದು ರಸ್ತೆಗೆ ಕೇಳಿಸಿರಬೇಕು. ಮೇಲೆ ಕರೆದು ಶಟರ್ ಪೂರ್ತಿ ಎತ್ತಿಸಿದರು, ಆಮೇಲೆ ಬೈದರು. ಪೆಟ್ರೋಲಿನ ಆವಿ ಗಾಳಿಗಿಂತ ಮೂರು ನಾಲ್ಕು ಪಟ್ಟು ಭಾರ. ಗುಂಡಿ ಸಿಕ್ಕರೆ ಅಲ್ಲೇ ಕೂರುತ್ತದೆ, ಹೊರಗೆ ಎಷ್ಟು ಗಾಳಿ ಬೀಸಿದರೂ ತಾನಾಗಿ ಮೇಲೆ ಬರಲ್ಲ. ಸ್ವಿಚ್ಚಿನ ಒಂದು ಕಿಡಿ ಸಾಕು. ಗ್ಯಾಸ್ ಕಿಟ್ ಇರೋ ಗಾಡಿಯಾದರೂ ಅಷ್ಟೇ, ಎಲ್‌ಪಿಜಿಯೂ ಕೆಳಗೇ ಇಳಿಯೋದು. ನಾನು ನಿಂತಿದ್ದದ್ದು ಆ ಗುಂಡಿಯೊಳಗೆ, ಹೊರಬರೋಕೆ ಇದ್ದದ್ದು ಒಂದೇ ಮೆಟ್ಟಿಲು, ತಲೆ ಮೇಲೆ ಕಾರು.

ಆ ವಾರವೇ ಮುರುಮು, ಅಂದರೆ ಗರಸು ಮಣ್ಣು ತರಿಸಿದೆ. ಅರ್ಧ ಫೂಟು ಹಾಕೋದು, ನೀರು ಹೊಡೆಯೋದು, ದಮ್ಮಸು ಮಾಡೋದು, ಮತ್ತೆ ಅರ್ಧ ಫೂಟು. ಹಾಗೆ ತುಂಬಿಸಿ ಮೇಲೆ ನೆಲ ಹಾಕಿಸಿದೆ. ಕಾಕಾ ಮತ್ತೆ ಬಗ್ಗಿ ನೋಡಿದರು. ಈ ಸಲ ಏನೂ ಅನ್ನಲಿಲ್ಲ, ಚಹಾ ಕಳಿಸಿದರು.

ಲಿಫ್ಟಿನ ವಿಷಯ ಬೇಗ ಮುಗಿಸುತ್ತೇನೆ. ನಿಮ್ಮ ಸ್ಲ್ಯಾಬಿನ ಎತ್ತರ ಎಷ್ಟು? ಮನೆಗೆ ಕಟ್ಟೋ ಹಾಗೆ ಹತ್ತು ಫೂಟು ಇದ್ದರೆ ಮರೆತುಬಿಡಿ. ಕಾರಿನ ಎತ್ತರ ಐದು ಫೂಟಿನ ಹತ್ತಿರ, ಕೆಳಗೆ ನೀವು ನೆಟ್ಟಗೆ ನಿಲ್ಲೋಕೆ ಆರು ಫೂಟು. ಕೂಡಿಸಿ ನೋಡಿ. ಜೊತೆಗೆ ಎರಡು ಕಂಬದ ಲಿಫ್ಟು ಉರುಳದಂತೆ ಹಿಡಿಯೋದು ನೆಲದಲ್ಲಿ ಕೂರಿಸಿದ ಆಂಕರ್ ಬೋಲ್ಟುಗಳೇ. ಹಳೇ ನೆಲಕ್ಕೆ ಡ್ರಿಲ್ ಹೊಡೆದು ಕೂರಿಸಿಕೊಡುತ್ತೇವೆ ಅನ್ನೋರು ಸಿಗುತ್ತಾರೆ, ನೆಲ ಎಷ್ಟು ದಪ್ಪ ಇದೆ ಅಂತ ಕೇಳದವರನ್ನು ಒಳಗೇ ಬಿಡಬೇಡಿ. ವರ್ಷಕ್ಕೆ ಎರಡು ಸಲ ಗೇರ್‌ಬಾಕ್ಸ್ ಇಳಿಸೋ ಹವ್ಯಾಸಕ್ಕೆ ಅದರ ಅಗತ್ಯವೂ ಇಲ್ಲ ಅನ್ನೋದು ನನ್ನ ಅಭಿಪ್ರಾಯ. ಸಿಟ್ಟು ಬಂದರೆ ಬರಲಿ.

ದುಡ್ಡು ನೆಲಕ್ಕೆ ಹಾಕಿ. ಮುರುಮು ದಮ್ಮಸು ಮಾಡಿ, ಮೇಲೆ ದಪ್ಪ ಪ್ಲಾಸ್ಟಿಕ್ ಹಾಳೆ ಹಾಸಿ. ಈ ಹಾಳೆಯನ್ನು ಗೌಂಡಿಗಳು ಸುಮ್ನೆ ಖರ್ಚು ಅನ್ನುತ್ತಾರೆ, ಕೇಳಬೇಡಿ. ನೆಲದ ಹಸಿ ಮೇಲೆ ಏರದಂತೆ ತಡೆಯೋದೇ ಅದು. ಅದರ ಮೇಲೆ 8 ಎಂಎಂ ಸರಳಿನ ಜಾಳಿಗೆ, ಆರಿಂಚು ಎಂ20 ದರ್ಜೆಯ ಕಾಂಕ್ರೀಟ್, ಶಟರ್ ಕಡೆಗೆ ನೂರಕ್ಕೆ ಒಂದರಷ್ಟು ಇಳಿಜಾರು. ನುಣುಪು ಮಾಡಿಸಬೇಡಿ, ಹಸಿ ಇರುವಾಗ ಮೇಲೆ ಕಸಬರಿಗೆ ಎಳೆಸಿ. ಆಯಿಲ್ ಬಿದ್ದಾಗ ಕಾಲು ಜಾರಲ್ಲ. ಮನೆಯವರು ಶಹಾಬಾದ್ ಫರಸಿ ಹಾಕಿಸೋಣ, ಸ್ವಚ್ಛ ಕಾಣುತ್ತದೆ ಅನ್ನಬಹುದು. ಅಡುಗೆಮನೆಗೆ ಹಾಕಿಸಿ. ಎತ್ತಿದ ಗಾಡಿಯನ್ನು ಹೊರೋ ಜಾಕ್ ಸ್ಟ್ಯಾಂಡಿನ ನಾಲ್ಕು ಕಾಲಿನ ಮೇಲೆ ಭಾರ ಬಿದ್ದಾಗ, ಕೆಳಗೆ ಟೊಳ್ಳಿರೋ ಕಡೆ ಫರಸಿ ಬಿರಿಯುತ್ತದೆ. ಮೇಲಾಗಿ ಅದು ಸುಣ್ಣದ ಕಲ್ಲು, ಬ್ಯಾಟರಿ ಆಸಿಡ್ ಬಿದ್ದರೆ ನೊರೆ ಎದ್ದು ತಿಂದುಹೋಗುತ್ತದೆ.

ಬಾಗಲಕೋಟೆ, ವಿಜಯಪುರದವರು ಯಾರಾದರೂ ಇದನ್ನು ಓದುತ್ತಿದ್ದರೆ, ನಿಮಗೆ ಮಳೆ ನಮ್ಮ ಅರ್ಧದಷ್ಟೂ ಇಲ್ಲ, ಆದರೆ ಎರಿ ಮಣ್ಣು ಇದೆ. ಹಸಿಯಾದಾಗ ಉಬ್ಬಿ, ಒಣಗಿದಾಗ ಬಿರಿಯೋ ಮಣ್ಣು. ನೇರ ಅದರ ಮೇಲೆ ಕಾಂಕ್ರೀಟ್ ಹಾಕಿಸಿದ ನನ್ನ ಭಾವನ ಶೆಡ್ಡಿನ ನೆಲ ನೋಡಿದ್ದೇನೆ, ಬಿರುಕಲ್ಲಿ ಹತ್ತು ನಂಬರ್ ಪಾನಾ ಬಿದ್ದರೆ ಸಿಗಲ್ಲ. ಎರಿ ತೆಗೆಸಿ ಮುರುಮು ತುಂಬಿಸಿ.

ಪಿಟ್ಟಿಲ್ಲದ ಸಪಾಟು ನೆಲದ ಸುಖ ಏನು ಅಂತ ಎಂಜಿನ್ ಇಳಿಸಿದ ದಿನ ತಿಳಿಯುತ್ತದೆ. ಎಂಜಿನ್ ಕ್ರೇನಿಗೂ ಟ್ರಾಲಿ ಜಾಕಿಗೂ ಸಣ್ಣ ಗಾಲಿ. ನಡುವೆ ಗುಂಡಿ ಇದ್ದರೆ ಎಂಜಿನ್ ನೇತಾಡುತ್ತಿರುವಾಗ ಯಾವ ಕಡೆಗೂ ತಳ್ಳೋಕಾಗಲ್ಲ. ನಿಮ್ಮ 12 ಫೂಟು ಅಗಲದಲ್ಲಿ ಕಾರನ್ನು ಒಂದು ಬದಿಗೆ ಸರಿಸಿ ನಿಲ್ಲಿಸಿ, ಇನ್ನೊಂದು ಬದಿ ಎರಡು ಫೂಟಿನ ಟೇಬಲ್ ಕೂರಿಸಿದರೂ ಬಾಗಿಲು ಪೂರ್ತಿ ತೆರೆಯುತ್ತದೆ. ಶಟರ್ ಪಶ್ಚಿಮಕ್ಕೆ ಮಾತ್ರ ಬೇಡ, ನಮ್ಮ ಮಳೆ ಬರೋದೇ ಆ ಕಡೆಯಿಂದ ಅಡ್ಡಕ್ಕೆ.

ಕೆಳಗೆ ಹೋಗೋಕೆ ಮೂರು ಟನ್ನಿನ ನಾಲ್ಕು ಜಾಕ್ ಸ್ಟ್ಯಾಂಡ್, ಒಂದು ಟ್ರಾಲಿ ಜಾಕ್, ಗಾಲಿ ಹಲಗೆ. ಆಯಿಲ್ ಬದಲಾಯಿಸೋಕೆ ಒಂದು ಜೊತೆ ಕಬ್ಬಿಣದ ರ‍್ಯಾಂಪ್ ಸಾಕು. ಉದ್ಯಮಬಾಗದಲ್ಲಿ ಫೌಂಡ್ರಿ, ಲೇಥ್, ಫ್ಯಾಬ್ರಿಕೇಷನ್ ಎಲ್ಲ ಒಂದೇ ಕಡೆ ಇರೋ ಊರು ನಮ್ಮದು, ಆ್ಯಂಗಲ್ಲೂ ಚೆಕರ್ಡ್ ಪ್ಲೇಟೂ ಹಾಕಿ ಅಳತೆಗೆ ಮಾಡಿಕೊಡುತ್ತಾರೆ. ಸ್ಟ್ಯಾಂಡನ್ನು ಮಾತ್ರ ಮಾಡಿಸಬೇಡಿ, ಕಂಪನಿಯದೇ ಕೊಳ್ಳಿ. ಜಾಕಿನ ಮೇಲಷ್ಟೇ ನಿಂತ ಗಾಡಿಯ ಕೆಳಗೆ ಒಂದು ಕ್ಷಣವೂ ತಲೆ ಹಾಕಬೇಡಿ, ಒಳಗಿನ ಸೀಲ್ ಯಾವಾಗ ಸೋರುತ್ತದೋ ಹೇಳೋಕಾಗಲ್ಲ. ಇಟ್ಟಿಗೆ, ಸಿಮೆಂಟ್ ಬ್ಲಾಕ್ ಜೋಡಿಸಿ ನಿಲ್ಲಿಸೋದು ಅದಕ್ಕಿಂತ ಕೆಟ್ಟದ್ದು, ಅವು ಬಾಗಲ್ಲ, ಸೂಚನೆ ಕೊಡಲ್ಲ, ಒಮ್ಮೆಲೇ ಪುಡಿಯಾಗುತ್ತವೆ.

ಕರೆಂಟಿಗೆ ಮನೆಯಿಂದ ಬೇರೆ ಲೈನ್ ಎಳೆಸಿ, ಕರೆಂಟ್ ಸೋರಿದ ಕೂಡಲೇ ಲೈನ್ ಕಡಿಯೋ 30 ಮಿಲಿಆಂಪಿನ ಆರ್‌ಸಿಸಿಬಿ ಹಾಕಿಸಿ, ಅರ್ಥಿಂಗ್ ನೋಡಿಸಿ. ಕಂಪ್ರೆಸರ್, ವೆಲ್ಡಿಂಗ್ ಮಷಿನ್ ತರೋ ಯೋಚನೆ ಇದ್ದರೆ ಮೊದಲು ಹೆಸ್ಕಾಂ ಬಿಲ್ಲಲ್ಲಿ ಮಂಜೂರಾದ ಲೋಡ್ ಎಷ್ಟಿದೆ ಓದಿ. ಕೈದೀಪ ಚಾರ್ಜ್ ಮಾಡೋ ಎಲ್‌ಇಡಿಯದೇ ಇರಲಿ. ಮಳೆಗಾಲದಲ್ಲಿ ಕಂಪ್ರೆಸರ್ ಟ್ಯಾಂಕಿನ ಕೆಳಗಿನ ನಲ್ಲಿ ದಿನಾ ತೆರೆದು ನೀರು ಬಿಡಿ, ಎಷ್ಟು ಬರುತ್ತದೆ ನೋಡಿದರೆ ಗಾಬರಿಯಾಗುತ್ತೀರಿ.

ಗಾಡಿ ಯಾವುದು ಅಂತ ನೀವು ಬರೆದಿಲ್ಲ. ಪದ್ಮಿನಿಯೋ ಮಾರುತಿಯೋ ಆದರೆ ಎಂಎಂ ಪಾನಾ ಸೆಟ್ ತಗೊಳ್ಳಿ. ಹಳೇ ಜೀಪ್, ಅಂಬಾಸಿಡರ್ ಆದರೆ ಇಂಚಿನದು ಬೇಕು, ಎಂಎಂ ಪಾನಾ ಹಾಕಿ ತಿರುಗಿಸಿದರೆ ನಟ್ಟಿನ ಮೂಲೆ ಸವೆದು ಉಳಿ ಹೊಡೆದೇ ತೆಗೆಯಬೇಕಾಗುತ್ತದೆ. ಸ್ಲ್ಯಾಬಿನ ಎತ್ತರ, ಶಟರ್ ಯಾವ ದಿಕ್ಕಿಗೆ, ಪಕ್ಕದಲ್ಲಿ ಯಾರ ಮನೆಯಲ್ಲಾದರೂ ಬಾವಿ ಇದೆಯಾ, ಇದಿಷ್ಟು ಬರೆಯಿರಿ. ಬಾವಿ ಇದ್ದರೆ ಆಗಸ್ಟಿನಲ್ಲಿ ಒಂದು ಫೋಟೋ ಹಾಕಿ.