ಎಷ್ಟು ಗೊಬ್ಬರ ಹಾಕಿದರೂ ಕೈತೋಟದಲ್ಲಿ ಕಾಯಿಲ್ಲ, ಹೂವಿಲ್ಲ: ಇನ್ನು ಯಾವ ಗೊಬ್ಬರ ಹಾಕಬೇಕು?

ನಿಮ್ಮ ಪ್ರಶ್ನೆಯನ್ನು ಎರಡು ಸಲ ಓದಿದೆ. ಮೈಸೂರಿನ ಹೊರವಲಯದ ಬಡಾವಣೆಯಲ್ಲಿ ಮೂವತ್ತು ನಲವತ್ತರ ನಿವೇಶನದಲ್ಲಿ ಮನೆ ಕಟ್ಟಿಕೊಂಡು ಒಂದೂವರೆ ವರ್ಷವಾಗಿದೆ. ಮಾರ್ಚ್‌ನಲ್ಲಿ ತಾರಸಿಯ ಮೇಲೆ ನೆಟ್ಟ ಟೊಮೆಟೊ ಎಲೆ ಮುದುರಿಕೊಂಡು ಹೋಯಿತು, ಹೀರೆ ಬಳ್ಳಿಯ ಪಿಂದೆಗಳು ಬೆರಳುದ್ದ ಆಗುವ ಮೊದಲೇ ಹಳದಿಯಾಗಿ ಉದುರುತ್ತಿವೆ, ಕಾಂಪೌಂಡಿನ ಪಕ್ಕದ ದುಂಡು ಮಲ್ಲಿಗೆ ಎಲೆ ಬಿಡುತ್ತದೆಯೇ ಹೊರತು ಮೊಗ್ಗು ಬಿಡುವುದಿಲ್ಲ, ಎರೆಗೊಬ್ಬರ, ಹಿಂಡಿ, ಯೂರಿಯಾ ಎಲ್ಲವನ್ನೂ ಹಾಕಿ ಆಯಿತು, ಇನ್ನು ಯಾವ ಗೊಬ್ಬರ ಹಾಕಬೇಕು ಎಂದು ಕೇಳಿದ್ದೀರಿ. ಇಪ್ಪತ್ತೆರಡು ವರ್ಷಗಳಿಂದ ಇದೇ ಊರಿನಲ್ಲಿ ಹಿತ್ತಿಲಲ್ಲೂ ತಾರಸಿಯಲ್ಲೂ ತರಕಾರಿ, ಹೂ ಬೆಳೆಸಿಕೊಂಡು ಬಂದಿರುವವಳಾಗಿ ನಾನು ಹೇಳುವುದು ಇಷ್ಟು: ನಿಮ್ಮ ಮೂರು ತೊಂದರೆಗಳಲ್ಲಿ ಒಂದೂ ಗೊಬ್ಬರದ ಕೊರತೆಯಿಂದ ಬಂದದ್ದಲ್ಲ. ಯೂರಿಯಾ ಚೀಲವನ್ನಂತೂ ದಯವಿಟ್ಟು ಕಟ್ಟಿ ಎತ್ತಿಡಿ. ಯೂರಿಯಾ ಕೊಡುವುದು ಸಾರಜನಕವನ್ನು, ಅದು ಹೆಚ್ಚಾದ ಗಿಡ ಎಲೆಯನ್ನೇ ಬೆಳೆಸುತ್ತದೆ, ಆ ಎಳೆಯ ಎಲೆಗೆ ರಸ ಹೀರುವ ಕೀಟಗಳು ಮುತ್ತಿಕೊಳ್ಳುತ್ತವೆ.

ಮಲ್ಲಿಗೆಯಿಂದ ಆರಂಭಿಸುತ್ತೇನೆ. ಮೊದಲು ಅದರ ಎಲೆಯನ್ನು ಬೆಳಕಿಗೆ ಹಿಡಿದು ನೋಡಿ. ಎಲೆ ಹಳದಿಯಾಗಿ ನರಗಳು ಮಾತ್ರ ಹಸಿರಾಗಿ ಉಳಿದಿದ್ದರೆ ದೋಷ ಮಣ್ಣಿನಲ್ಲಿದೆ. ನಾವು ಈ ಮನೆಗೆ ಬಂದ ಮೊದಲ ವರ್ಷ ನಾನೂ ಕಾಂಪೌಂಡಿನ ಮೂಲೆಯಲ್ಲಿ ಒಂದು ಮಲ್ಲಿಗೆ ನೆಟ್ಟಿದ್ದೆ. ಎರಡು ವರ್ಷ ಅದು ಬಿಳಿಚಿಕೊಂಡೇ ಇತ್ತು. ಕೊನೆಗೆ ಗುದ್ದಲಿ ಹಿಡಿದು ಅಗೆದಾಗ ಮುಕ್ಕಾಲು ಅಡಿ ಆಳದಲ್ಲಿ ಗಾರೆಯವರು ಸಿಮೆಂಟ್ ಕಲಸಿ ಬಿಟ್ಟುಹೋಗಿದ್ದ ಗಟ್ಟಿ ಪದರ ಸಿಕ್ಕಿತು. ಬೇರುಗಳೆಲ್ಲ ಅದರ ಮೇಲೆ ಚಾಪೆಯಂತೆ ಹರಡಿಕೊಂಡು, ಕೆಳಗಿಳಿಯಲು ದಾರಿಯಿಲ್ಲದೆ ಗೋಡೆಯ ಕಡೆಗೆ ತಿರುಗಿದ್ದವು. ಸಿಮೆಂಟು ಸುಣ್ಣ ಸೇರಿದ ಮಣ್ಣು ಕ್ಷಾರವಾಗುತ್ತದೆ. ಅಂತಹ ಮಣ್ಣಿನಲ್ಲಿ ಕಬ್ಬಿಣದ ಅಂಶ ಇದ್ದರೂ ಬೇರಿಗೆ ಅದನ್ನು ಹೀರಿಕೊಳ್ಳಲು ಆಗುವುದಿಲ್ಲ. ಹೊಸ ಬಡಾವಣೆಗಳಲ್ಲಿ ಮನೆಯ ಸುತ್ತ ಉಳಿಯುವ ಎರಡು ಮೂರು ಅಡಿ ಜಾಗವೆಂದರೆ ಹೆಚ್ಚಾಗಿ ಜಲ್ಲಿ, ಇಟ್ಟಿಗೆ ಚೂರು ಮತ್ತು ಒಣಗಿದ ಗಾರೆಯ ಮೇಲೆ ಅರ್ಧ ಅಡಿ ಮಣ್ಣು ಎಳೆದ ಜಾಗ. ಆದ್ದರಿಂದ ಗಿಡದ ಪಕ್ಕದಲ್ಲಿ ಒಂದಡಿ ಆಳದ ಗುಂಡಿ ತೆಗೆದು, ಅದರ ತುಂಬ ನೀರು ಸುರಿದು, ಆ ನೀರು ಇಂಗಿದ ಮೇಲೆ ಮತ್ತೊಮ್ಮೆ ತುಂಬಿಸಿ ನೋಡಿ. ಎರಡನೆಯ ಸಲದ ನೀರು ನಾಲ್ಕೈದು ಗಂಟೆಯಾದರೂ ನಿಂತೇ ಇದ್ದರೆ ಕೆಳಗೆ ಅಂತಹ ಗಟ್ಟಿ ಪದರವಿದೆ ಎಂದೇ ತಿಳಿದು, ಒಂದೂವರೆ ಅಡಿಯವರೆಗೆ ಅಗೆದು ಕಸವನ್ನೆಲ್ಲ ತೆಗೆದು, ಎರಡು ಪಾಲು ಕೆಮ್ಮಣ್ಣಿಗೆ ಒಂದು ಪಾಲು ಚೆನ್ನಾಗಿ ಕಳಿತ ಕೊಟ್ಟಿಗೆ ಗೊಬ್ಬರ ಸೇರಿಸಿ ತುಂಬಿ. ಇದು ಒಂದು ಭಾನುವಾರದ ಕೆಲಸ. ಆದರೆ ಇದನ್ನು ಮಾಡದೆ ಮೇಲೆ ಏನು ಸುರಿದರೂ ವ್ಯರ್ಥ.

ಎಲೆ ಕಡು ಹಸಿರಾಗಿದ್ದು ಮೊಗ್ಗು ಮಾತ್ರ ಇಲ್ಲದಿದ್ದರೆ, ಬಿಸಿಲು ಸಾಲುತ್ತಿಲ್ಲ ಅಥವಾ ಗಿಡವನ್ನು ನೀವು ಒಮ್ಮೆಯೂ ಕತ್ತರಿಸಿಲ್ಲ. ದುಂಡು ಮಲ್ಲಿಗೆ ಹೂ ಬಿಡುವುದು ಹೊಸ ಚಿಗುರಿನ ತುದಿಯಲ್ಲಿ. ಹಳೆಯ ಕೊಂಬೆಗಳನ್ನು ಹಾಗೆಯೇ ಬಿಟ್ಟರೆ ಪೊದೆ ಬೆಳೆಯುತ್ತದೆ, ಹೂವಾಗುವುದಿಲ್ಲ. ಈಗ ನವೆಂಬರ್ ಮೊದಲ ವಾರವಾದ್ದರಿಂದ ನೀವು ಸರಿಯಾದ ಸಮಯಕ್ಕೆ ಕೇಳಿದ್ದೀರಿ. ಈ ತಿಂಗಳ ನಡುವಿನಿಂದ ನೀರು ಕಡಿಮೆ ಮಾಡುತ್ತಾ ಬನ್ನಿ. ಗಿಡ ಸ್ವಲ್ಪ ಎಲೆ ಉದುರಿಸಿದರೂ ಗಾಬರಿಯಾಗಬೇಡಿ. ತಿಂಗಳ ಕೊನೆಗೆ ಅಥವಾ ಡಿಸೆಂಬರ್ ಮೊದಲಲ್ಲಿ ನೆಲದಿಂದ ಒಂದೂವರೆ ಅಡಿ ಎತ್ತರಕ್ಕೆ ಹರಿತವಾದ ಕತ್ತರಿಯಿಂದ ಸವರಿ, ಒಣಗಿದ ಮತ್ತು ಒಳಮುಖವಾಗಿ ಬೆಳೆದ ಕಡ್ಡಿಗಳನ್ನು ಬುಡದಲ್ಲೇ ತೆಗೆದುಬಿಡಿ. ಒಂದು ವಾರ ಬಿಟ್ಟು ಬುಡ ಸಡಿಲಿಸಿ, ಒಂದು ಮಂಕರಿ ಕೊಟ್ಟಿಗೆ ಗೊಬ್ಬರ ಮತ್ತು ಎರಡು ಹಿಡಿ ಹೊಂಗೆ ಹಿಂಡಿ ಹಾಕಿ ನೀರು ಕೊಡಿ. ಗುಂಡಿಯ ಮಣ್ಣು ಬದಲಿಸುವಾಗ ಸೇರಿಸುವುದನ್ನು ಬಿಟ್ಟರೆ ನಾನು ಗೊಬ್ಬರ ಹಾಕಿ ಎನ್ನುವುದು ಇದೊಂದು ಕಡೆ ಮಾತ್ರ. ದಿನಕ್ಕೆ ಐದಾರು ಗಂಟೆ ನೇರ ಬಿಸಿಲು ಬೀಳುವ ಜಾಗವಾದರೆ ಮಾರ್ಚ್‌ನಿಂದ ಮೊಗ್ಗು ಬಿಡಿಸುವ ಕೆಲಸ ನಿಮಗೆ ಬರುತ್ತದೆ.

ಹೀರೆಯ ವಿಷಯದಲ್ಲಿ ಮಾತ್ರ ನೀವು ಸ್ವಲ್ಪ ತನಿಖೆ ಮಾಡಬೇಕು. ಉದುರಿದ ಪಿಂದೆಯೊಂದನ್ನು ಉದ್ದಕ್ಕೆ ಸೀಳಿ. ಒಳಗೆ ಸಣ್ಣ ಬಿಳಿ ಹುಳುಗಳು ಕಂಡರೆ, ಅಥವಾ ಸಿಪ್ಪೆಯ ಮೇಲೆ ಸೂಜಿ ಚುಚ್ಚಿದಂತಹ ಗುರುತು ಇದ್ದು ಅಲ್ಲಿ ಅಂಟು ಒಸರಿದ್ದರೆ ಅದು ಹಣ್ಣು ನೊಣದ ಕೆಲಸ. ಹಾಗಿದ್ದರೆ ಬಿದ್ದ ಪಿಂದೆ ಒಂದನ್ನೂ ಗಿಡದ ಬುಡದಲ್ಲಿ ಬಿಡದೆ ಆರಿಸಿ, ಪ್ಲಾಸ್ಟಿಕ್ ಕವರಿನಲ್ಲಿ ಬಿಗಿಯಾಗಿ ಕಟ್ಟಿ ಬಿಸಿಲಿನಲ್ಲಿಡಿ. ಗಂಡು ನೊಣಗಳನ್ನು ವಾಸನೆಯಿಂದ ಸೆಳೆದು ಹಿಡಿಯುವ, ಗೊಬ್ಬರದಂಗಡಿಯಲ್ಲಿ ಸಿಗುವ ಕ್ಯೂ ಲ್ಯೂರ್ ಬಲೆಯೊಂದನ್ನು ಚಪ್ಪರದ ಹತ್ತಿರ ತೂಗುಹಾಕಿ. ಒಳಗೆ ಏನೂ ಇಲ್ಲದೆ ಪಿಂದೆ ತುದಿಯಿಂದ ಸುಮ್ಮನೆ ಬಾಡಿದ್ದರೆ ಪರಾಗಸ್ಪರ್ಶ ಆಗಿಲ್ಲವೆಂದು ಅರ್ಥ. ಹೀರೆಯಲ್ಲಿ ಗಂಡು ಹೂ, ಹೆಣ್ಣು ಹೂ ಬೇರೆ ಬೇರೆ. ಗಂಡು ಹೂಗಳು ಒಂದು ಕಡ್ಡಿಯಲ್ಲಿ ಗೊಂಚಲಾಗಿ ಬಂದು ದಿನಕ್ಕೊಂದರಂತೆ ಅರಳುತ್ತವೆ. ಹೆಣ್ಣು ಹೂ ಒಂಟಿಯಾಗಿ ಬರುತ್ತದೆ, ಅದರ ಹಿಂದೆ ಕಿರುಬೆರಳಿನಷ್ಟು ದೊಡ್ಡ, ಏಣುಗಳಿರುವ ಹೀಚು ಹುಟ್ಟಿನಿಂದಲೇ ಇರುತ್ತದೆ. ಬಹಳ ಜನ ಗಮನಿಸದ ಸಂಗತಿಯೆಂದರೆ ಹೀರೆ ಹೂ ಅರಳುವುದು ಸಂಜೆ, ಹೆಚ್ಚು ಕಡಿಮೆ ದೀಪ ಹಚ್ಚುವ ಹೊತ್ತಿಗೆ. ಬೆಳಿಗ್ಗೆ ಎಂಟು ಗಂಟೆಗೆ ಕಾಫಿ ಕುಡಿದು ತಾರಸಿಗೆ ಹೋಗಿ ಹೂ ಮುಟ್ಟಿಸುವವರಿಗೆ ಫಲ ಸಿಗುವುದಿಲ್ಲ. ಆ ಹೊತ್ತಿನಲ್ಲಿ ಮಾಡುವುದು ಕುಂಬಳಕ್ಕೆ ಸರಿ, ಹೀರೆಗೂ ಸೋರೆಗೂ ಅಲ್ಲ. ಸಂಜೆ ಆರರ ಸುಮಾರಿಗೆ ಆಗಷ್ಟೇ ಅರಳಿದ ಗಂಡು ಹೂ ಕಿತ್ತು, ಹಳದಿ ಎಸಳುಗಳನ್ನು ಹಿಂದಕ್ಕೆ ಮಡಚಿ, ನಡುವಿನ ಕೇಸರದ ಪುಡಿ ಬೆರಳಿಗೆ ಹತ್ತುತ್ತದೆಯೇ ಎಂದು ನೋಡಿಕೊಂಡು, ಅದನ್ನು ಹೆಣ್ಣು ಹೂವಿನ ನಡುವಿಗೆ ಮೆಲ್ಲಗೆ ಸವರಿ. ಒಂದು ಗಂಡು ಹೂ ಎರಡು ಹೆಣ್ಣು ಹೂಗಳಿಗೆ ಸಾಕು. ಮೂರನೆಯ ದಿನಕ್ಕೆ ಹೀಚಿನ ತೊಟ್ಟು ದಪ್ಪವಾಗಿ ಕಾಯಿ ನೆಲದ ಕಡೆಗೆ ಬಾಗಿದರೆ ಅದು ನಿಂತಿತು ಎಂದು ತಿಳಿಯಬಹುದು. ನನಗೆ ಇಡೀ ಕೈತೋಟದಲ್ಲಿ ಇದಕ್ಕಿಂತ ಸಂತೋಷ ಕೊಡುವ ಕೆಲಸ ಮತ್ತೊಂದಿಲ್ಲ. ಹೆಣ್ಣು ಹೂಗಳೇ ಬರುತ್ತಿಲ್ಲವೆಂದಾದರೆ ಅಲ್ಲಿಯೂ ಯೂರಿಯಾವನ್ನೇ ಅನುಮಾನಿಸಿ. ಸಾರಜನಕ ಹೆಚ್ಚಾದ ಬಳ್ಳಿಯಲ್ಲಿ ಗಂಡು ಹೂಗಳದೇ ಕಾರುಬಾರು.

ಟೊಮೆಟೊ ಹಾಳಾದದ್ದು ತಿಂಗಳಿನ ತಪ್ಪಿನಿಂದ. ಮಾರ್ಚ್‌ನಲ್ಲಿ ನೆಟ್ಟ ಗಿಡ ಹೂ ಬಿಡುವ ಹೊತ್ತಿಗೆ ಬಿಸಿಲು 35 ಡಿಗ್ರಿಯ ಹತ್ತಿರ ಬಂದಿರುತ್ತದೆ, ಕಾದ ಕಾಂಕ್ರೀಟಿನ ಮೇಲೆ ಇನ್ನೂ ಹೆಚ್ಚು. ಆ ಸೆಕೆಯಲ್ಲಿ ಹೂ ಕಾಯಾಗುವುದಿಲ್ಲ. ಎಲೆ ಮುದುರು ರೋಗ ಬರುವುದು ಬಿಳಿ ನೊಣ ಹರಡುವ ವೈರಸ್‌ನಿಂದ, ಆ ನೊಣ ಹೆಚ್ಚುವುದೂ ಬೇಸಿಗೆಯಲ್ಲೇ. ರೋಗ ತಗುಲಿದ ಗಿಡಕ್ಕೆ ಮದ್ದಿಲ್ಲ, ಕಿತ್ತು ಹಾಕಬೇಕು. ಈ ವಾರವೇ ಒಟ್ಲು (ಸಸಿಮಡಿ) ಬಿಟ್ಟು, ಸಸಿಗಳ ಮೇಲೆ ಸಣ್ಣ ಕಣ್ಣಿನ ನೈಲಾನ್ ಬಲೆ ಕಟ್ಟಿ, 25 ದಿನದ ಸಸಿಗಳನ್ನು ಡಿಸೆಂಬರಿನಲ್ಲಿ ನಾಟಿ ಮಾಡಿದರೆ ಶಿವರಾತ್ರಿಯ ಹೊತ್ತಿಗೆ ಹಣ್ಣು ಕೊಯ್ಯಬಹುದು. ಹೆಸರಘಟ್ಟದ ಭಾರತೀಯ ತೋಟಗಾರಿಕಾ ಸಂಶೋಧನಾ ಸಂಸ್ಥೆಯ ಅರ್ಕಾ ರಕ್ಷಕ್ ತಳಿ ಈ ರೋಗವನ್ನು ತಕ್ಕಮಟ್ಟಿಗೆ ತಡೆದುಕೊಳ್ಳುತ್ತದೆ. ಅದು ಹೈಬ್ರಿಡ್ ಆದ್ದರಿಂದ ಅದರ ಬೀಜ ತೆಗೆದಿಟ್ಟು ಮತ್ತೆ ಬಿತ್ತಬೇಡಿ. ಬಿಳಿ ನೊಣ ಕಂಡ ಕೂಡಲೇ ಒಂದು ಲೀಟರ್ ನೀರಿಗೆ 5 ಮಿಲಿಲೀಟರ್ ಬೇವಿನೆಣ್ಣೆಯನ್ನು ಸ್ವಲ್ಪ ಸೋಪಿನ ದ್ರಾವಣದೊಂದಿಗೆ ಕದಡಿ, ಎಲೆಯ ಅಡಿಭಾಗ ನೆನೆಯುವಂತೆ ಬಿಸಿಲಿಳಿದ ಮೇಲೆ ಸಿಂಪಡಿಸಿ. ಹೀರೆಗೆ ಮಾತ್ರ ಬೆಳಗಿನ ಜಾವ ಸಿಂಪಡಿಸಿ, ಸಂಜೆ ಹೂವಿಗೆ ಬರುವ ಕೀಟಗಳಿಗೆ ತೊಂದರೆಯಾಗಬಾರದು.

ತಾರಸಿಯ ಬಗ್ಗೆ ಒಂದು ಎಚ್ಚರಿಕೆ. 12 ಅಂಗುಲ ಅಗಲ, 12 ಅಂಗುಲ ಎತ್ತರದ ಗ್ರೋ ಬ್ಯಾಗಿಗೆ ಸುಮಾರು 20 ಲೀಟರ್ ಮಣ್ಣು ಹಿಡಿಯುತ್ತದೆ, ನೆನೆದಾಗ ಅದು 25 ಕಿಲೋಗೂ ಮೀರಿ ತೂಗಬಹುದು. ಆದ್ದರಿಂದ ಚೀಲಗಳನ್ನು ತಾರಸಿಯ ನಡುವೆ ಗುಂಪಾಗಿ ಇಡದೆ ಗೋಡೆ ಮತ್ತು ತೊಲೆಗಳ ಮೇಲೆ ಬರುವಂತೆ ಸಾಲಾಗಿ, ಕೆಳಗೆ ಇಟ್ಟಿಗೆ ಕೊಟ್ಟು ಇಡಿ. ತೆಂಗಿನ ನಾರಿನ ಪುಡಿ ಮೂರನೇ ಒಂದು ಪಾಲು ಸೇರಿಸಿದರೆ ಭಾರ ಕಡಿಮೆಯಾಗುತ್ತದೆ. ಅದನ್ನು ಎರಡು ಸಲ ನೀರಿನಲ್ಲಿ ನೆನೆಸಿ ಹಿಂಡಿ ಉಪ್ಪಿನಂಶ ತೆಗೆಯುವುದನ್ನು ಮರೆಯಬೇಡಿ. ನೀರನ್ನು ಗಡಿಯಾರ ನೋಡಿ ಹಾಕಬೇಡಿ, ತೋರುಬೆರಳನ್ನು ಎರಡನೆಯ ಗೆಣ್ಣಿನವರೆಗೆ ಮಣ್ಣಿಗೆ ಇಳಿಸಿ ನೋಡಿ. ತೇವ ತಗುಲಿದರೆ ಆ ದಿನ ನೀರು ಬೇಡ.

ನಮ್ಮ ಮಳೆಯ ಕ್ರಮ ಕರಾವಳಿಯದಲ್ಲ. ಇಲ್ಲಿ ಮೇ ತಿಂಗಳಲ್ಲಿ ಒಮ್ಮೆ, ಸೆಪ್ಟೆಂಬರ್ ಅಕ್ಟೋಬರ್‌ನಲ್ಲಿ ಮತ್ತೊಮ್ಮೆ ಜೋರು ಮಳೆ. ನಡುವೆ ತುಂತುರು ಮತ್ತು ತಂಪು ಗಾಳಿ. ಏಪ್ರಿಲ್ ಕೊನೆ, ಮೇ ಮೊದಲಲ್ಲಿ ಬರುವ ಭರಣಿ ಮಳೆಗೆ ಹೀರೆ, ಸೋರೆ, ಹಾಗಲ ಹಾಕಿದರೆ ಬಳ್ಳಿ ತಾನಾಗಿ ಏಳುತ್ತದೆ. ಜುಲೈ ಮೊದಲಲ್ಲಿ ಚೆಂಡು ಹೂವಿನ ಒಟ್ಲು ಬಿಟ್ಟು ಆಗಸ್ಟ್‌ನಲ್ಲಿ ನೆಟ್ಟರೆ ಆಯುಧ ಪೂಜೆಗೆ ಮನೆಯದೇ ಹೂವಾಗುತ್ತದೆ, ಅದರ ಬೇರು ಮಣ್ಣಿನ ಜಂತುಹುಳುಗಳನ್ನೂ ಹತೋಟಿಯಲ್ಲಿಡುತ್ತದೆ. ನಾಟಿ ಸೊಗಡು ಅವರೆಯನ್ನು ಆಷಾಢ ಶ್ರಾವಣದಲ್ಲೇ ಹಾಕಬೇಕು. ಹಗಲು ಕಿರಿದಾಗುತ್ತಾ ಬಂದಾಗ ಮಾತ್ರ ಅದು ಹೂ ಬಿಡುವುದರಿಂದ, ಜನವರಿಯಲ್ಲಿ ಬಿತ್ತಿದವರಿಗೆ ತಿಂಗಳುಗಟ್ಟಲೆ ಬಳ್ಳಿ ನೋಡುವುದಷ್ಟೇ ಉಳಿಯುತ್ತದೆ. ಬದನೆಗೆ ಇಂತಹ ಹಟವಿಲ್ಲ. ಈರಂಗೆರೆ ಬದನೆಯ ಬೀಜ ಯಾರಾದರೂ ಕೊಟ್ಟರೆ ಎರಡು ಗಿಡ ಹಾಕಿ, ನಮ್ಮ ಊರಿನ ತಳಿ ನಮ್ಮ ಮನೆಗಳಲ್ಲಿ ಉಳಿಯಬೇಕೆಂಬ ಆಸೆ ನನಗೆ ಬಹಳವಾಗಿದೆ.

ಈ ವಾರ ಟೊಮೆಟೊ ಒಟ್ಲು, ಇವತ್ತೇ ಸಂಜೆ ಹೀರೆಯ ಪಿಂದೆ ಸೀಳಿ ನೋಡುವುದು, ಭಾನುವಾರ ಮಲ್ಲಿಗೆಯ ಬುಡದ ಗುಂಡಿ. ಪಿಂದೆಯೊಳಗೆ ಏನು ಕಂಡಿತು, ಗುಂಡಿಯ ನೀರು ಎಷ್ಟು ಹೊತ್ತು ನಿಂತಿತು ಎಂಬುದನ್ನು ಇಲ್ಲಿಯೇ ಬರೆಯಿರಿ. ಅದನ್ನು ನೋಡಿಕೊಂಡು ಮುಂದಿನದನ್ನು ಹೇಳುತ್ತೇನೆ.