ಆರೆಂಟ್ಲೆ ಎಷ್ಟು? ಮೂರು ಭಾಷೆಯ ಮಗ್ಗಿಯಲ್ಲಿ ಸಿಕ್ಕಿಕೊಂಡ ಹುಡುಗಿ

(ಗುರುತು ಸಿಗದಂತೆ ಹೆಸರು ಮತ್ತು ಮನೆಯ ವಿವರಗಳನ್ನು ಬದಲಿಸಿದೆ.)

ಮುಂಬೈ ಬಳಿಯ ಡೊಂಬಿವಲಿಯ ಒಂದು ಕನ್ನಡ ಕುಟುಂಬ. ಮಗಳಿಗೆ ಎಂಟು ವರ್ಷ, ಇಂಗ್ಲಿಷ್ ಮಾಧ್ಯಮದಲ್ಲಿ ಮೂರನೇ ತರಗತಿ. ಇಲ್ಲಿ ಅವಳನ್ನು ಪುಟ್ಟಿ ಎನ್ನೋಣ. ತಂದೆ ಬೆಳಿಗ್ಗೆ ಏಳರ ಲೋಕಲ್ ಹಿಡಿದರೆ ಮನೆ ಸೇರುವುದು ರಾತ್ರಿ ಒಂಬತ್ತಕ್ಕೆ. ಹಾಗಾಗಿ ಮಗಳ ಅಭ್ಯಾಸವೆಲ್ಲ ತಾಯಿಯ ಪಾಲು, ಜತೆಗೆ ವಿಜಯಪುರದಿಂದ ಬಂದು ಇವರೊಂದಿಗೇ ಇರುವ ಅಜ್ಜಿಯ ಪಾಲು. ಸಂಜೆ ಪಕ್ಕದ ಕಟ್ಟಡದಲ್ಲಿ ಟ್ಯೂಷನ್, ಅಲ್ಲಿ ಹೇಳಿಕೊಡುವುದು ಮರಾಠಿಯಲ್ಲಿ. ಮಗಳ ಲೆಕ್ಕದ ಬಗ್ಗೆ ಸಲಹೆ ಕೇಳಲು ನಮ್ಮಲ್ಲಿಗೆ ತಾಯಿ ಬಂದವರೇ ಹೇಳಿದ್ದು ಇಷ್ಟು: "ಮಗ್ಗಿ ಪೂರ್ತಿ ಬರ್ತಾವರೀ ಮೇಡಂ, ನಡುವ ಕೇಳಿದ್ರ ಒಂದೂ ಬರೂದಿಲ್ಲ. ಕೇಳಿದ್ರ ಸಾಕು, ಅಳಾಕ ಶುರು ಮಾಡ್ತಾಳ."

ಮೊದಲ ಭೇಟಿಯಲ್ಲಿ ಮಗ್ಗಿ ಒಪ್ಪಿಸಲು ಹೇಳಲಿಲ್ಲ, ಬಿಡಿ ಲೆಕ್ಕ ಕೇಳಿದೆವು. ಆರೆಂಟ್ಲೆ ಎಷ್ಟು ಎಂದಾಗ ಪುಟ್ಟಿ ಮೇಜಿನ ಕೆಳಗೆ ಬೆರಳು ಮಡಚುತ್ತ 'ಸಿಕ್ಸ್ ವನ್ಸ್ ಆರ್ ಸಿಕ್ಸ್'ನಿಂದ ಹೊರಟಳು. ನಡುವೆ ಒಂದು ಬೆರಳು ಹೆಚ್ಚಿಗೆ ಮಡಚಿ, ಒಂದು ಸಾಲು ಮೊದಲೇ ನಿಂತು 42 ಎಂದಳು. ಎಂಟಾರ್ಲೆ ಎಷ್ಟು ಎಂದರೆ ಮತ್ತೆ ಎಂಟೊಂದ್ಲೆಯಿಂದ ಶುರುಮಾಡಿ 48 ಮುಟ್ಟಿದಳು. ಒಂದೇ ಲೆಕ್ಕಕ್ಕೆ ಎರಡು ಉತ್ತರ ಬಂದದ್ದು ಅವಳಿಗೆ ಏನೂ ಅನಿಸಲಿಲ್ಲ. ಅವಳ ಮಟ್ಟಿಗೆ ಅವು ಎರಡು ಬೇರೆ ಹಾಡಿನ ಸಾಲುಗಳು.

ಆಮೇಲೆ ಕಾಗದ ಪೆನ್ಸಿಲ್ ಕೊಟ್ಟು, "ಆರು ತಟ್ಟೆ, ಒಂದೊಂದು ತಟ್ಟೆಯಲ್ಲಿ ನಾಲ್ಕು ನಾಲ್ಕು ಇಡ್ಲಿ. ಚಿತ್ರ ಬರೆದು ಒಟ್ಟು ಇಡ್ಲಿ ಎಷ್ಟು ಹೇಳು" ಎಂದೆವು. ಪುಟ್ಟಿ ಆರು ದೊಡ್ಡ ಸೊನ್ನೆ ಸುತ್ತಿದಳು. ಅದರ ಕೆಳಗೆ, ತಟ್ಟೆಗಳಿಂದ ದೂರ, ನಾಲ್ಕು ಸಣ್ಣ ಸೊನ್ನೆ ಬರೆದಳು. ಎಲ್ಲ ಎಣಿಸಿ "ಹತ್ತು" ಎಂದಳು. ತಾಯಿ ತಂದಿದ್ದ ಪರೀಕ್ಷೆಯ ಹಾಳೆಗಳಲ್ಲಿ ಕಾಣದ್ದು ಈ ಚಿತ್ರದಲ್ಲಿ ಕಂಡಿತು. ಹತ್ತರವರೆಗೆ ಮಗ್ಗಿ ಬಾಯಿಪಾಠವಿರುವ ಮಗುವಿಗೆ 'ತಟ್ಟೆಗೆ ನಾಲ್ಕು' ಎಂಬ ಮಾತಿಗೂ ಗುಣಾಕಾರಕ್ಕೂ ಇರುವ ನಂಟೇ ಗೊತ್ತಿಲ್ಲ. ಇದು ಮರೆವಲ್ಲ. ತಾಯಿಗೆ ಅಂದೇ ಇದನ್ನು ಬಿಡಿಸಿ ಹೇಳಿದೆವು, ಏಕೆಂದರೆ ಮರೆವು ಎಂದುಕೊಂಡ ಮನೆಯಲ್ಲಿ ಒಂದೇ ಮದ್ದು ನಡೆಯುತ್ತದೆ: ಇನ್ನೂ ಹತ್ತು ಸಲ ಒಪ್ಪಿಸು.

ಎರಡನೆಯ ತೊಡಕು ಭಾಷೆಯದು. ಅಜ್ಜಿ ಹೇಳಿಸುವುದು 'ಆರೆಂಟ್ಲೆ ನಲವತ್ತೆಂಟು'. ಶಾಲೆಯಲ್ಲಿ 'ಸಿಕ್ಸ್ ಎಯ್ಟ್ಸ್ ಆರ್ ಫಾರ್ಟಿ ಎಯ್ಟ್'. ಟ್ಯೂಷನ್‌ನಲ್ಲಿ 'ಸಹಾ ಆಠೇ ಅಠ್ಠೇಚಾಳೀಸ್'. ಇಪ್ಪತ್ತರ ಮೇಲಿನ ಸಂಖ್ಯೆಗಳಿಗೆ ಕನ್ನಡ, ಇಂಗ್ಲಿಷ್ ಎರಡರಲ್ಲೂ ಹತ್ತರ ಸ್ಥಾನ ಮೊದಲು, ಬಿಡಿ ಆಮೇಲೆ. ಮರಾಠಿಯಲ್ಲಿ ಬಿಡಿ ಮೊದಲು: ಎಂಟು, ಆಮೇಲೆ ನಲವತ್ತು. ಕೇಳಿಸಿದ ಕ್ರಮದಲ್ಲೇ ಬರೆಯುವ ಮಗು 84 ಬರೆಯುತ್ತದೆ. ಪುಟ್ಟಿಯ ಟ್ಯೂಷನ್ ವಹಿಯಲ್ಲಿ 84 ಇತ್ತು, 27ರ ಜಾಗದಲ್ಲಿ 72 ಇತ್ತು, ಎರಡಕ್ಕೂ ಕೆಂಪು ಗೀಟು. ಲೆಕ್ಕ ಸರಿ, ಬರೆದದ್ದು ತಿರುವುಮುರುವು. ಈ ತೊಡಕು ಮರಾಠಿ ಮನೆಮಾತಿನ ಮಕ್ಕಳಿಗೂ ಇದೆ. 2019ರಲ್ಲಿ ಮಹಾರಾಷ್ಟ್ರದ ಪಠ್ಯಪುಸ್ತಕ ಸಂಸ್ಥೆ ಬಾಲಭಾರತಿಯ ಎರಡನೇ ತರಗತಿ ಗಣಿತ ಪುಸ್ತಕ 27ಕ್ಕೆ 'ಸತ್ತಾವೀಸ್' ಜತೆಗೆ 'ವೀಸ್ ಸಾತ್' (ಇಪ್ಪತ್ತು ಏಳು) ಎಂದು ಓದುವ ರೀತಿಯನ್ನೂ ತಂದದ್ದು ಇದೇ ಕಾರಣಕ್ಕೆ, ಅದರ ಮೇಲೆ ದೊಡ್ಡ ಚರ್ಚೆಯೂ ಆಯಿತು. ಅದೂ ಅಲ್ಲದೆ ಮರಾಠಿ ಪಾಢೆಯಲ್ಲಿ, ಅಂದರೆ ಮಗ್ಗಿಯಲ್ಲಿ, 'ದುಣೆ', 'ತ್ರಿಕ್', 'ಚೋಕ್' ಎಂಬ ಶಬ್ದಗಳಿವೆ. ತ್ರಿಕ್ ಎಂದರೆ ಮೂರು ಸಲ ಎಂದು ಪುಟ್ಟಿಗೆ ಯಾರೂ ಹೇಳಿರಲಿಲ್ಲ.

ಮೂರನೆಯದು ಹೆದರಿಕೆ. ತಾಯಿ ಮೊಬೈಲಿನಲ್ಲಿ ಟೈಮರ್ ಇಟ್ಟು, ಜಡೆ ಹೆಣೆಯುವಾಗ, ಶಾಲೆಯ ಬಸ್ ಬರುವ ಮೊದಲು ಇಪ್ಪತ್ತು ಪ್ರಶ್ನೆ ಕೇಳುತ್ತಿದ್ದರು. ಲೆಕ್ಕ ಮಾಡುವಾಗ ಮಗು ನಡುವಿನ ಸಂಖ್ಯೆಗಳನ್ನು ಮನಸ್ಸಿನಲ್ಲಿ ಹಿಡಿದಿಟ್ಟುಕೊಳ್ಳಬೇಕು, ಆ ಜಾಗ ಚಿಕ್ಕದು. ಅಮ್ಮ ಬೈದಾಳು ಎಂಬ ಅಂಜಿಕೆ ಅಲ್ಲಿಗೆ ಹೊಕ್ಕರೆ ಸಂಖ್ಯೆಗೆ ಎಡೆಯಿಲ್ಲ. ಟೈಮರನ್ನು ಅಂದೇ ನಿಲ್ಲಿಸಲು ಹೇಳಿದೆವು. ಈ ಒಂದು ಸಲಹೆಯಲ್ಲಿ ಹೊಂದಾಣಿಕೆಗೆ ಜಾಗವಿಲ್ಲ.

ಕೊಟ್ಟ ಸಲಹೆ ಹೀಗೆ. ದಿನಕ್ಕೆ ಹತ್ತು ನಿಮಿಷ, ವಾರಕ್ಕೆ ಐದು ದಿನ, ಊಟ ನಿದ್ದೆಗೆ ಮುಂಚೆ ಅಲ್ಲದ ಹೊತ್ತು. ಮೊದಲ ಎರಡು ವಾರ ಒಪ್ಪಿಸುವುದೇ ಬೇಡ, ಗುಂಪು ಮಾಡಿ ಎಣಿಸುವುದಷ್ಟೇ. ಅವರ ಇಡ್ಲಿ ಸ್ಟ್ಯಾಂಡಿನಲ್ಲಿ ನಾಲ್ಕು ತಟ್ಟೆ, ತಟ್ಟೆಗೆ ನಾಲ್ಕು ಕುಳಿ. ಹಿಟ್ಟು ಹೊಯ್ಯುವ ಮೊದಲು ಪುಟ್ಟಿಯೇ ಹೇಳಬೇಕು: "ನಾಲ್ಕು ತಟ್ಟೆ, ತಟ್ಟೆಗೆ ನಾಲ್ಕು, ಹದಿನಾರು." ಆರು ಪಾವ್‌ಗಳ ಲಾದಿ (ಒಂದಕ್ಕೊಂದು ಅಂಟಿದ ಪಾವ್‌ಗಳ ಕಟ್ಟು) ತಂದರೆ, "ಎರಡು ಸಾಲು, ಸಾಲಿಗೆ ಮೂರು." 'ಸಾಲಿಗೆ', 'ತಟ್ಟೆಗೆ' ಎಂಬ ಮಾತು ಅವಳ ಬಾಯಿಂದಲೇ ಬರಬೇಕು, ಅಜ್ಜಿ ಹೇಳಿಕೊಡಬಾರದು. ಗುಣಾಕಾರದ ತಿಳಿವು ಕೂರುವುದೇ ಆ 'ಗೆ'ಯಲ್ಲಿ. ಲೋಕಲ್‌ನಲ್ಲಿ ಹೋಗುವಾಗಲೂ ಇದು ನಡೆಯುತ್ತದೆ. ಮೂರು ಜನರ ಸೀಟು ಎಂಟಿದ್ದರೆ 24 ಜನ. ಮುಂಬೈಯಲ್ಲಿ ಪ್ರತಿ ಸೀಟಿಗೂ ನಾಲ್ಕನೆಯವರು ಒತ್ತಿ ಕೂರುತ್ತಾರೆ, ಅಂದರೆ ಇನ್ನೂ ಎಂಟು ಜನ, ಒಟ್ಟು 32. ಮೂರರ ಮಗ್ಗಿಯಿಂದ ನಾಲ್ಕರದಕ್ಕೆ ದಾಟುವುದು ಇಷ್ಟೇ.

ಮೂರನೇ ವಾರದಿಂದ ಚೌಕದ ಗೆರೆಯ ಗಣಿತ ವಹಿಯ ಹಾಳೆ. ಅದರಲ್ಲಿ ಆರು ಸಾಲು, ಸಾಲಿಗೆ ಎಂಟು ಮನೆ ಬರುವಂತೆ ಕತ್ತರಿಸಿ. ಹಾಳೆಯನ್ನು ಕಾಲು ಸುತ್ತು ತಿರುಗಿಸಿದರೆ ಎಂಟು ಸಾಲು, ಸಾಲಿಗೆ ಆರು. ಮನೆಗಳೇನೂ ಹೆಚ್ಚಲಿಲ್ಲ, ಕಡಿಮೆಯಾಗಲಿಲ್ಲ. ಆರೆಂಟ್ಲೆ, ಎಂಟಾರ್ಲೆ ಒಂದೇ ಎಂಬುದನ್ನು ಮಾತಿನಲ್ಲಿ ನೂರು ಸಲ ಹೇಳುವುದಕ್ಕಿಂತ ಒಮ್ಮೆ ತಿರುಗಿಸುವುದು ಲೇಸು. ಈಗ ಹಾಳೆಯನ್ನು ಮೊದಲಿನಂತೆ ಇಟ್ಟು, ಸಾಲಿನಲ್ಲಿ ಐದು ಮನೆಯಾದ ಮೇಲೆ ಮಡಚಿ. ಒಂದು ಕಡೆ ಆರೈದ್ಲೆ ಮೂವತ್ತು, ಇನ್ನೊಂದು ಕಡೆ ಆರ್ಮೂರ್ಲೆ ಹದಿನೆಂಟು. ಕೂಡಿಸಿದರೆ 48. ಮಗು ಆರೊಂದ್ಲೆಯಿಂದ ಹೊರಡಬೇಕಿಲ್ಲ, ಗೊತ್ತಿರುವ ಐದರಿಂದ ಹೊರಟರೆ ಸಾಕು.

ತಾಯಿಗೆ ಧೈರ್ಯ ಬಂದದ್ದು ಲೆಕ್ಕ ಹಾಕಿ ತೋರಿಸಿದಾಗ. ಹತ್ತರವರೆಗಿನ ಮಗ್ಗಿಯಲ್ಲಿ 100 ಲೆಕ್ಕಗಳಿವೆ. ತಿರುಗಿಸಿದರೆ ಒಂದೇ ಆಗುವ ಜೋಡಿಗಳನ್ನು ಒಂದೆಂದು ಹಿಡಿದರೆ 55. ಅದರಲ್ಲಿ 1, 2, 5, 10 ಬರುವ ಲೆಕ್ಕಗಳು ಪುಟ್ಟಿಗೆ ಬರುತ್ತವೆ, ಅವನ್ನು ಬಿಟ್ಟರೆ 21. ನಾಲ್ಕು ಎಂದರೆ ದುಪ್ಪಟ್ಟಿನ ದುಪ್ಪಟ್ಟು: 7, 14, 28. ಒಂಬತ್ತು ಎಂದರೆ ಹತ್ತರಲ್ಲಿ ಒಂದು ಗುಂಪು ಕಡಿಮೆ. ಇವೆರಡನ್ನೂ ತೆಗೆದರೆ ಉಳಿಯುವುದು ಬರೀ ಹತ್ತು: ಮೂರ್ಮೂರ್ಲೆ, ಮೂರಾರ್ಲೆ, ಮೂರೇಳ್ಲೆ, ಮೂರೆಂಟ್ಲೆ, ಆರಾರ್ಲೆ, ಆರೇಳ್ಲೆ, ಆರೆಂಟ್ಲೆ, ಏಳೇಳ್ಲೆ, ಏಳೆಂಟ್ಲೆ, ಎಂಟೆಂಟ್ಲೆ. ನೂರು ಲೆಕ್ಕದ ಭಾರ ಹೊತ್ತಿದ್ದ ಮನೆಗೆ ಹತ್ತು ದೊಡ್ಡದಲ್ಲ.

ಈ ದಾರಿಯಲ್ಲೂ ಎಡವುವ ಜಾಗಗಳಿವೆ. ದುಪ್ಪಟ್ಟಿನ ದುಪ್ಪಟ್ಟು ಮಾಡುವಾಗ ಮಗು 14ಕ್ಕೆ ಮತ್ತೊಂದು 14 ಸೇರಿಸುವ ಬದಲು 7 ಸೇರಿಸಿ 21 ಎನ್ನುತ್ತದೆ. ಒಂಬತ್ತೇಳ್ಲೆಗೆ 70ರಿಂದ 7 ಕಳೆಯುವ ಬದಲು 9 ಕಳೆದು 61 ಎನ್ನುತ್ತದೆ. ಎರಡಕ್ಕೂ ಮದ್ದು ಅದೇ ಹಾಳೆ. ಹತ್ತು ಸಾಲು, ಸಾಲಿಗೆ ಏಳು ಮನೆಯ ಹಾಳೆಯಲ್ಲಿ ಒಂದು ಸಾಲು ಕತ್ತರಿಸಿ ಕೈಗೆ ಕೊಟ್ಟರೆ, ಕೈಯಲ್ಲಿರುವುದು ಏಳು ಎಂದು ಮಗುವೇ ಕಾಣುತ್ತದೆ. ಆರನ್ನು ಸೊನ್ನೆಯಿಂದ ಗುಣಿಸಿ 6 ಬರೆಯುವುದು ಮತ್ತೊಂದು. ಆರು ಖಾಲಿ ತಟ್ಟೆ ಮುಂದಿಟ್ಟು ಇಡ್ಲಿ ಎಷ್ಟು ಎಂದು ಕೇಳಿ, ಸಾಕು.

ಐದನೇ ವಾರದಿಂದ ಕಾರ್ಡು. ಮೂರು ಮೂಲೆಯ ಕಾರ್ಡಿನಲ್ಲಿ ಮೇಲೆ 48, ಕೆಳಗಿನ ಮೂಲೆಗಳಲ್ಲಿ 6 ಮತ್ತು 8. ಮೇಲಿನದನ್ನು ಹೆಬ್ಬೆರಳಿನಿಂದ ಮುಚ್ಚಿದರೆ ಗುಣಾಕಾರ, ಕೆಳಗಿನ ಒಂದನ್ನು ಮುಚ್ಚಿದರೆ ಭಾಗಾಕಾರ. ಒಂದು ಸಲಕ್ಕೆ ಹತ್ತು ಕಾರ್ಡು, ಅದರಲ್ಲಿ ಏಳು ಬರುವಂಥವು, ಮೂರು ಹೊಸವು. ಹೊಸದನ್ನು ತೋರಿಸಿ, ಎರಡು ಹಳೆಯದು ಕೇಳಿ, ಮತ್ತೆ ಅದೇ ಹೊಸದು. ಉತ್ತರ ಬಾರದಿದ್ದರೆ ಮುಖ ನೋಡುತ್ತ ಕೂರಬೇಡಿ, "ಇದರ ಹತ್ತಿರದ ಯಾವುದು ನಿನಗೆ ಗೊತ್ತು?" ಎಂದು ಕೇಳಿ. ಆಗಲೂ ಬಾರದಿದ್ದರೆ ಉತ್ತರ ಹೇಳಿಬಿಡಿ. ತಪ್ಪು ಉತ್ತರವನ್ನು ಅವಳ ಬಾಯಲ್ಲಿ ಎರಡು ಸಲ ಹೇಳಿಸಬಾರದು, ಅದೂ ನೆನಪಿನಲ್ಲಿ ಕೂರುತ್ತದೆ.

ಭಾಷೆಯ ವಿಷಯಕ್ಕೆ ತಾಯಿ ಕೇಳಿದ್ದು, ಅಜ್ಜಿಯ ಮಗ್ಗಿ ನಿಲ್ಲಿಸಬೇಕೇ ಎಂದು. ಬೇಡ ಎಂದೆವು. ವಿವರಣೆ ಮೂರು ಭಾಷೆಯಲ್ಲೂ ನಡೆಯಲಿ, ಬಾಯಿಪಾಠ ಮಾತ್ರ ಒಂದರಲ್ಲಿ. ಯಾವುದರಲ್ಲಿ ಎಂದು ಪುಟ್ಟಿಯನ್ನೇ ಕೇಳಿದಾಗ "ಅಜ್ಜೀದು" ಎಂದಳು. ಅಜ್ಜಿಯ ಸಾಲಿಗೆ ಲಯವಿದೆ, ಚಿಕ್ಕದೂ ಹೌದು. ಪರೀಕ್ಷೆಯಲ್ಲಿ ಬರೆಯುವುದು ಅಂಕಿಯಾದ್ದರಿಂದ ಯಾವ ಭಾಷೆಯಲ್ಲಿ ನೆನಪಿದ್ದರೂ ನಡೆಯುತ್ತದೆ. ಟ್ಯೂಷನ್ ಟೀಚರಿಗೆ ಎರಡು ಕೋರಿಕೆ ಚೀಟಿಯಲ್ಲಿ ಬರೆದು ಕಳಿಸಿದೆವು: ಸಂಖ್ಯೆಯನ್ನು 'ಚಾಳೀಸ್ ಆಠ್' ಎಂದು ಬಿಡಿಸಿ ಹೇಳಿ, ಪಾಢೆ ಒಪ್ಪಿಸಲು ಎರಡು ತಿಂಗಳು ಬಿಡುವು ಕೊಡಿ.

ಇಂಥ ಎಲ್ಲ ಮಕ್ಕಳ ವಿಷಯವೂ ಇಷ್ಟೇ ಎನ್ನುವಂತಿಲ್ಲ. ಮೂರ್ನಾಲ್ಕು ತಿಂಗಳು ಹೀಗೆ ಅಭ್ಯಾಸ ಮಾಡಿದ ಮೇಲೂ 5 ಮತ್ತು 3 ಕೂಡಿಸಲು ಒಂದರಿಂದ ಎಣಿಸುತ್ತಿದ್ದರೆ, 38 ಮತ್ತು 83ರಲ್ಲಿ ಯಾವುದು ದೊಡ್ಡದೆಂದು ತಡವರಿಸುತ್ತಿದ್ದರೆ, ಕಲಿಕಾ ನ್ಯೂನತೆಯ ತಪಾಸಣೆ ಮಾಡಿಸಬೇಕು. ಮುಂಬೈಯಲ್ಲಿ ಸಾಯನ್‌ನ ಲೋಕಮಾನ್ಯ ತಿಲಕ ಪಾಲಿಕೆ ಆಸ್ಪತ್ರೆಯಲ್ಲಿ ಅದಕ್ಕಾಗಿಯೇ ಕ್ಲಿನಿಕ್ ಇದೆ. ಪುಟ್ಟಿಗೆ ಅದರ ಅಗತ್ಯ ಕಾಣಲಿಲ್ಲ.

ಎಂಟನೇ ವಾರದ ಭೇಟಿಗೆ ಅಜ್ಜಿಯೂ ಬಂದಿದ್ದರು. ಆರೆಂಟ್ಲೆ ಎಷ್ಟು ಎಂದರೆ ಪುಟ್ಟಿ ಬೆರಳು ಮುಟ್ಟಲಿಲ್ಲ. "ಮೂವತ್ತು, ಹದಿನೆಂಟು... ನಲವತ್ತೆಂಟು" ಎಂದಳು. ಏಳೆಂಟ್ಲೆಗೆ 54 ಎಂದು ಹೇಳಿ, ತಡೆದು, "ಅಲ್ಲ, ಅದು ಆರೊಂಬತ್ಲೆ" ಎಂದು ತಾನೇ ತಿದ್ದಿಕೊಂಡಳು. ಹತ್ತು ಕಾರ್ಡುಗಳಲ್ಲಿ ಆರೇಳ್ಲೆ, ಏಳೆಂಟ್ಲೆ, ಎಂಟೆಂಟ್ಲೆ ಇನ್ನೂ ಗಟ್ಟಿಯಾಗಿಲ್ಲ. ಮುಂದಿನ ತಿಂಗಳು ಈ ಮೂರನ್ನೇ ಹೊಸ ಕಾರ್ಡುಗಳಾಗಿ ಇಟ್ಟುಕೊಳ್ಳಲು, ಉಳಿದ ಏಳನ್ನು ಭಾಗಾಕಾರದ ಕಡೆಯಿಂದ ಕೇಳಲು ಹೇಳಿ ಕಳಿಸಿದೆವು.