ಎಂಟು ಜನ, ಒಂದು ವಾರ, ಬೊನೇರ್ ದ್ವೀಪ: ಗುಂಪಿನ ಸ್ಕೂಬಾ ಪ್ರವಾಸ ಹೇಗೆ ಹೊಂದಿಸಬೇಕು?

ಗೆಳೆಯರೊಂದಿಗೆ ಕೆರಿಬಿಯನ್ ಸಮುದ್ರಕ್ಕೆ ಡೈವಿಂಗ್‌ಗೆ ಹೊರಟವರ ಪ್ರಶ್ನೆಗಳನ್ನು ಈ ಸಲ ಒಟ್ಟಿಗೆ ತೆಗೆದುಕೊಂಡಿದ್ದೇನೆ. ಹೆಚ್ಚಿನವು ಬೊನೇರ್ ದ್ವೀಪದ ಬಗ್ಗೆಯೇ ಇವೆ. ಮೊದಲ ಪ್ರಶ್ನೆಗೆ ಉತ್ತರ ಉದ್ದವಾಗಿದೆ. ಗುಂಪಾಗಿ ಹೋಗುವವರೆಲ್ಲ ಅದನ್ನು ಪೂರ್ತಿ ಓದಿ.

ಪ್ರಶ್ನೆ: ನ್ಯೂಜೆರ್ಸಿಯಲ್ಲಿರುವ ನಾವು ಎಂಟು ಜನ ಗೆಳೆಯರು ಒಂದು ವಾರ ಸ್ಕೂಬಾ ಪ್ರವಾಸ ಹೋಗಬೇಕೆಂದಿದ್ದೇವೆ. ಮೂವರಿಗೆ ಓಪನ್ ವಾಟರ್ ಎಂಬ ಮೊದಲ ಹಂತದ ಸರ್ಟಿಫಿಕೇಟ್ ಇದೆ, ಒಬ್ಬನದು ಅದರ ಮುಂದಿನ ಅಡ್ವಾನ್ಸ್‌ಡ್. ಇಬ್ಬರು ಊರಿಗೆ ಹೋದಾಗ ನೇತ್ರಾಣಿಯಲ್ಲಿ ಒಮ್ಮೆ ನೀರಿಗಿಳಿದವರು. ಉಳಿದಿಬ್ಬರಿಗೆ ಡೈವಿಂಗ್ ಬೇಡ, ಸುಮ್ಮನೆ ಜೊತೆಗೆ ಬರುತ್ತಾರೆ. ಕೆಲವರು ಕೊಸುಮೆಲ್ ಅನ್ನುತ್ತಾರೆ, ಕೆಲವರು ಬೊನೇರ್. ಯಾವುದು ಸರಿ? ವಾರವನ್ನು ಹೇಗೆ ಹಂಚಿಕೊಳ್ಳೋಣ?

ಉತ್ತರ: ನಿಮ್ಮ ಗುಂಪಿಗೆ ಬೊನೇರ್ ಸರಿ. ಮೆಕ್ಸಿಕೋದ ಕೊಸುಮೆಲ್ ಅದ್ಭುತ ಜಾಗ, ಅದರಲ್ಲಿ ಎರಡು ಮಾತಿಲ್ಲ. ಆದರೆ ಅಲ್ಲಿನ ಡೈವಿಂಗ್ ಬಹುಪಾಲು ಸೆಳೆತದ ಜೊತೆ ಸಾಗುವಂಥದ್ದು. ದೋಣಿ ಒಂದು ಕಡೆ ಇಳಿಸುತ್ತದೆ, ನೀರು ಹವಳದ ಗೋಡೆಯ ಉದ್ದಕ್ಕೂ ಒಯ್ಯುತ್ತದೆ, ದೋಣಿ ಇನ್ನೊಂದು ಕಡೆ ಹತ್ತಿಸಿಕೊಳ್ಳುತ್ತದೆ. ಎಲ್ಲರ ಅನುಭವವೂ ಒಂದೇ ಮಟ್ಟದಲ್ಲಿದ್ದರೆ ಅದು ಸೊಗಸು. ನಿಮ್ಮಲ್ಲಿ ಮೂರು ಮಟ್ಟದವರಿದ್ದೀರಿ.

ಬೊನೇರ್ ಇರುವುದು ವೆನಿಜುವೆಲಾ ಕರಾವಳಿಯಿಂದ ಸುಮಾರು 80 ಕಿ.ಮೀ. ದೂರದಲ್ಲಿ. ಗಾಳಿ ವರ್ಷದ ಬಹುಕಾಲ ಪೂರ್ವದಿಂದಲೇ ಬೀಸುವುದರಿಂದ ದ್ವೀಪದ ಪಶ್ಚಿಮ ತೀರ ಸಾಮಾನ್ಯವಾಗಿ ಶಾಂತ. ಹವಳದ ದಂಡೆ ಆ ತೀರದಿಂದ ಸ್ವಲ್ಪವೇ ಈಜಿದರೆ ಸಿಗುತ್ತದೆ. ರಸ್ತೆ ಬದಿಯಲ್ಲಿ ಹಳದಿ ಬಣ್ಣ ಬಳಿದು ಹೆಸರು ಬರೆದ ಕಲ್ಲುಗಳಿರುತ್ತವೆ, ಒಂದೊಂದು ಕಲ್ಲೂ ಒಂದೊಂದು ಡೈವ್ ತಾಣದ ಗುರುತು. ಪಿಕಪ್ ಬಾಡಿಗೆಗೆ ಪಡೆದು, ರೆಸಾರ್ಟಿನಲ್ಲಿ ಸಿಲಿಂಡರ್ ತುಂಬಿಕೊಂಡು, ಬೇಕಾದ ಕಲ್ಲಿನ ಬಳಿ ನಿಲ್ಲಿಸಿ, ಇಬ್ಬಿಬ್ಬರು ಜೋಡಿಯಾಗಿ ನಡೆದುಕೊಂಡೇ ನೀರಿಗಿಳಿಯಬಹುದು. ಒಬ್ಬರಿಗಾಗಿ ಇನ್ನೊಬ್ಬರು ಕಾಯಬೇಕಿಲ್ಲ. ಬೆಳಿಗ್ಗೆ ಆರಕ್ಕೆ ಎದ್ದು ಹೋಗುವವರು ಹೋಗಲಿ, ಹತ್ತಕ್ಕೆ ಏಳುವವರು ಮಲಗಿರಲಿ. ಗುಂಪಿನಲ್ಲಿ ಮನಸ್ತಾಪ ಹುಟ್ಟುವುದೇ ಇಂಥ ಸಣ್ಣ ವಿಷಯಗಳಿಗೆ. ಆ ತಲೆನೋವು ಇಲ್ಲಿ ಅರ್ಧಕ್ಕರ್ಧ ಇರುವುದಿಲ್ಲ.

ಈಗ ನೇತ್ರಾಣಿಯ ಇಬ್ಬರ ವಿಷಯ. ಇನ್‌ಸ್ಟ್ರಕ್ಟರ್ ಕೈ ಹಿಡಿದು ಇಳಿಸಿದ ಡೈವ್ ಬರೀ ಪರಿಚಯ, ಅದು ಸರ್ಟಿಫಿಕೇಟ್ ಅಲ್ಲ. ಅದನ್ನು ನಂಬಿಕೊಂಡು ಸ್ನೇಹಿತರ ಜೊತೆ ದಡದಿಂದ ಇಳಿಯಲೇಬಾರದು. ಪಾಠ ಮತ್ತು ಈಜುಕೊಳದ ಅಭ್ಯಾಸವನ್ನು ನ್ಯೂಜೆರ್ಸಿಯಲ್ಲೇ ಮುಗಿಸಿ ಅಷ್ಟು ಮುಗಿದಿದೆ ಎಂಬ ರೆಫರಲ್ ಪತ್ರ ತೆಗೆದುಕೊಂಡರೆ, ಸಮುದ್ರದ ನಾಲ್ಕು ಡೈವ್‌ಗಳನ್ನು ಬೊನೇರ್‌ನ ಇನ್‌ಸ್ಟ್ರಕ್ಟರ್ ಬಳಿ ಮಾಡಿ ಓಪನ್ ವಾಟರ್ ಪೂರೈಸಬಹುದು. ಅದಕ್ಕೆ ನಿಲ್ಲದೆ 200 ಮೀಟರ್ ಈಜಬೇಕು, ಹತ್ತು ನಿಮಿಷ ತೇಲಬೇಕು. ವೇಗದ ಪರೀಕ್ಷೆ ಇಲ್ಲ. ಈಜು ಬಾರದಿದ್ದರೆ ಈಗಲೇ ಕಲಿಯಲು ಶುರುಮಾಡಲಿ.

ತಲುಪಿದ ದಿನ ನೀರಿನ ಆಸೆ ಬಿಡಿ. ದ್ವೀಪದ ಸುತ್ತಲಿನ ಸಮುದ್ರವೆಲ್ಲ, ಉಬ್ಬರದ ಗೆರೆಯಿಂದ 60 ಮೀಟರ್ ಆಳದವರೆಗೆ, 1979ರಿಂದ ಸಂರಕ್ಷಿತ ಉದ್ಯಾನ. ನಿರ್ವಹಣೆ ಸ್ಟಿನಾಪಾ ಸಂಸ್ಥೆಯದು. ಪ್ರಕೃತಿ ಶುಲ್ಕ ಕಟ್ಟಿ, ನಿಯಮಗಳ ವಿವರಣೆ ಕೇಳಿ, ಒಂದು ಪರಿಚಯ ಡೈವ್ ಮಾಡಿದ ಮೇಲೆಯೇ ಉಳಿದ ತಾಣಗಳಿಗೆ ಹೋಗಬಹುದು. ಹವಳ ಮುಟ್ಟುವಂತಿಲ್ಲ, ಗ್ಲೌಸ್ ಹಾಕುವಂತಿಲ್ಲ, ದೋಣಿಗಳು ಲಂಗರು ಹಾಕುವಂತಿಲ್ಲ. ಅನುಭವಿ ಡೈವರ್‌ಗಳು ಈ ಮೊದಲ ಡೈವ್ ಎಂದರೆ ಗೊಣಗುತ್ತಾರೆ. ನನಗಂತೂ ವಾರದ ಅತಿ ಮುಖ್ಯ ಡೈವ್ ಅದೇ. ಮುಳುಗಲು ಸೊಂಟಕ್ಕೆ ಎಷ್ಟು ಸೀಸದ ತೂಕ ಕಟ್ಟಬೇಕೆಂದು ಅಲ್ಲೇ ನೋಡಿಕೊಳ್ಳಿ. ಬಿಸಿಡಿಯ (ಗಾಳಿ ತುಂಬಿ ತೇಲಲು ಹಾಕುವ ಜಾಕೆಟ್‌ನ) ಗಾಳಿ ಪೂರ್ತಿ ಬಿಟ್ಟು, ಸಹಜವಾಗಿ ಉಸಿರು ಹಿಡಿದು, ಅಲುಗಾಡದೆ ನಿಂತಾಗ ನೀರು ಕಣ್ಣಿನ ಮಟ್ಟಕ್ಕೆ ಬರಬೇಕು. ಉಸಿರು ಬಿಟ್ಟರೆ ನಿಧಾನ ಕೆಳಗಿಳಿಯಬೇಕು. ಕಲ್ಲಿನಂತೆ ಇಳಿದರೆ ತೂಕ ಜಾಸ್ತಿ ಎಂದರ್ಥ.

ಅದೇ ದಿನ ಸಂಜೆ ಎಂಟೂ ಜನ ಕೂತು ಒಂದು ಮಾತು ಮಾಡಿಕೊಳ್ಳಿ: ಯಾರು ಬೇಕಾದರೂ, ಯಾವ ಕ್ಷಣದಲ್ಲಾದರೂ, ಯಾವ ಡೈವನ್ನಾದರೂ ಬೇಡ ಅನ್ನಬಹುದು, ಕಾರಣ ಕೇಳುವಂತಿಲ್ಲ. ಡೈವರ್‌ಗಳಲ್ಲಿ ಬಹಳ ಕಾಲದಿಂದ ಇರುವ ನಿಯಮ ಇದು. ಗುಂಪಿನ ಪ್ರವಾಸದಲ್ಲಿ ಶಾರ್ಕಿಗಿಂತ, ಸೆಳೆತಕ್ಕಿಂತ ನನಗೆ ಭಯ ಹುಟ್ಟಿಸುವುದು "ಬಾರೋ, ಏನೂ ಆಗಲ್ಲ" ಎಂಬ ಮಾತು. ಕಿವಿ ಕಟ್ಟಿದ್ದರೂ, ರಾತ್ರಿ ನಿದ್ದೆ ಇಲ್ಲದಿದ್ದರೂ, ಹಿಂದಿನ ದಿನ ಹೆಚ್ಚು ಕುಡಿದಿದ್ದರೂ, ಸ್ನೇಹಿತರ ಮುಂದೆ ಬಾಯಿಬಿಡದೆ ಇಳಿಯುವವರು ಇರುತ್ತಾರೆ. ಅಂಥವರು ನೀರೊಳಗೆ ಮೊದಲ ಐದು ನಿಮಿಷದಲ್ಲೇ ತಿಳಿಯುತ್ತಾರೆ: ಕಣ್ಣು ಮಾಸ್ಕಿನೊಳಗೆ ಅಗಲವಾಗಿರುತ್ತದೆ, ಗುಳ್ಳೆಗಳು ಬಿಡುವಿಲ್ಲದೆ ಬರುತ್ತವೆ, ಕೈ ಮತ್ತೆ ಮತ್ತೆ ಬಾಯಲ್ಲಿನ ರೆಗ್ಯುಲೇಟರ್ ಕಡೆ ಹೋಗುತ್ತದೆ. ಅದನ್ನು ಕಂಡ ಜೊತೆಗಾರ ಕೂಡಲೇ ಹೆಬ್ಬೆರಳು ಮೇಲೆತ್ತಿ ತೋರಿಸಬೇಕು. ಡೈವರ್‌ಗಳ ಸನ್ನೆಯಲ್ಲಿ ಅದಕ್ಕೆ "ಮೇಲಕ್ಕೆ ಹೋಗೋಣ" ಎಂಬ ಒಂದೇ ಅರ್ಥ. ನಿಧಾನವಾಗಿ, ಐದು ಮೀಟರಿನಲ್ಲಿ ಮೂರು ನಿಮಿಷ ನಿಂತು, ಮೇಲೆ ಬನ್ನಿ. ದಡದಲ್ಲಿ ಯಾರೂ ಆ ಬಗ್ಗೆ ಚೇಷ್ಟೆ ಮಾಡಬಾರದು. ಒಮ್ಮೆ ನಕ್ಕರೆ ಸಾಕು, ಮುಂದಿನ ಸಲ ಆ ವ್ಯಕ್ತಿ ತೊಂದರೆಯನ್ನು ಮುಚ್ಚಿಡುತ್ತಾನೆ.

ಎಲ್ಲ ಡೈವರ್‌ಗಳೂ ಒಟ್ಟಿಗೆ ನೋಡಬಹುದಾದ ತಾಣವೆಂದರೆ ಹಿಲ್ಮಾ ಹೂಕರ್. ಸುಮಾರು 72 ಮೀಟರ್ ಉದ್ದದ ಸರಕು ಹಡಗು. ಒಳಗೆ ಬಚ್ಚಿಟ್ಟ ಗಾಂಜಾ ಸಿಕ್ಕು ವಶವಾಗಿದ್ದಾಗ, 1984ರ ಸೆಪ್ಟೆಂಬರ್ 12ರಂದು ಮುಳುಗಿತು. ಈಗ ಸುಮಾರು 30 ಮೀಟರ್ ಆಳದ ಮರಳಿನ ಮೇಲೆ ಬಲ ಮಗ್ಗುಲಾಗಿ ಮಲಗಿದೆ, ಮೇಲ್ಭಾಗ ಸುಮಾರು 18 ಮೀಟರಿಗೆ ಸಿಗುತ್ತದೆ. ಓಪನ್ ವಾಟರ್‌ನವರ ಮಿತಿಯೂ 18 ಮೀಟರೇ. ಹಾಗಾಗಿ ಅವರು ಮೇಲಿನಿಂದ ನೋಡಲಿ, ಅಡ್ವಾನ್ಸ್‌ಡ್ ಇರುವವನು ಡೈವ್‌ಮಾಸ್ಟರ್ ಜೊತೆ ಕೆಳಗೆ ಹೋಗಲಿ. ಒಳಗೆ ನುಗ್ಗುವ ಸಾಹಸ ಯಾರಿಗೂ ಬೇಡ.

ಸಾಧ್ಯವಾದರೆ ಹುಣ್ಣಿಮೆ ಕಳೆದು ಎರಡರಿಂದ ಐದು ದಿನದ ಒಳಗೆ ನಿಮ್ಮ ವಾರದ ಒಂದು ಸಂಜೆ ಬೀಳುವಂತೆ ಟಿಕೆಟ್ ಮಾಡಿ. ಸೂರ್ಯ ಮುಳುಗಿ ಮುಕ್ಕಾಲು ಗಂಟೆಯಾದ ಮೇಲೆ, ಚಂದ್ರ ಹುಟ್ಟುವ ಮೊದಲು, ಆಳವಿಲ್ಲದ ನೀರಿನಲ್ಲಿ ಟಾರ್ಚ್ ಆರಿಸಿ ಸುಮ್ಮನೆ ತೇಲಿ. ಆಸ್ಟ್ರಾಕಾಡ್ ಎಂಬ, ಎಳ್ಳುಕಾಳಿಗಿಂತ ಚಿಕ್ಕ ಜೀವಿಯ ಗಂಡುಗಳು ಹೆಣ್ಣನ್ನು ಕರೆಯಲು ನೀಲಿ ಬೆಳಕಿನ ಚುಕ್ಕಿಗಳನ್ನು ಒಂದರ ಮೇಲೊಂದು ಉಗುಳುತ್ತಾ ಮೇಲೇರುತ್ತವೆ. ಒಂದು ಸಾಲು ಮುಗಿಯುವ ಮೊದಲೇ ಪಕ್ಕದಲ್ಲಿ ಇನ್ನೊಂದು, ಆಮೇಲೆ ಸುತ್ತಲೂ. ಯಾರಾದರೂ ಟಾರ್ಚ್ ಹಾಕಿದರೆ ಎಲ್ಲವೂ ಮರೆಯಾಗುತ್ತದೆ. ಇದಕ್ಕೆ ರಾತ್ರಿ ಡೈವ್‌ನ ಅನುಭವವಿರುವ ಗೈಡ್ ಇರಲೇಬೇಕು. ಮರಳುವಾಗ ಟಾರ್ಚ್ ಬೆಳಕಿನಂಚಿನಲ್ಲಿ ಆಳೆತ್ತರದ ಬೆಳ್ಳಿ ಮೀನೊಂದು ಮೈಯುಜ್ಜುವಷ್ಟು ಹತ್ತಿರ ಹಾದುಹೋದರೆ ಗಾಬರಿಯಾಗಬೇಡಿ. ಅದು ಟಾರ್ಪನ್. ನಿಮ್ಮ ಬೆಳಕಿನಲ್ಲಿ ಅದು ಬೇಟೆ ಹುಡುಕುತ್ತಿರುತ್ತದೆ. ಮಲಗಿರುವ ಮೀನಿನ ಮೇಲೆ ಬೆಳಕು ನಿಲ್ಲಿಸಿದರೆ ಅದರ ಪ್ರಾಣ ಹೋಗುತ್ತದೆ, ಹಾಗೆ ಮಾಡಬೇಡಿ.

ಡೈವ್ ಮಾಡದ ಇಬ್ಬರನ್ನು ಮರೆತು ವಾರ ಯೋಜಿಸಿದರೆ ತಪ್ಪಾಗುತ್ತದೆ. ಎದುರಿಗಿರುವ ಕ್ಲೈನ್ ಬೊನೇರ್ ಎಂಬ ಜನವಸತಿ ಇಲ್ಲದ ಪುಟ್ಟ ದ್ವೀಪಕ್ಕೆ ದೋಣಿಯಲ್ಲಿ ಎಲ್ಲರೂ ಹೋಗಬಹುದು, ಅವರಿಗೆ ಅಲ್ಲಿ ಸ್ನಾರ್ಕೆಲ್, ಅಂದರೆ ಕೊಳವೆಯಲ್ಲಿ ಉಸಿರಾಡುತ್ತಾ ಮೇಲ್ಮೈಯಲ್ಲೇ ಈಜು. ಪೂರ್ವದ ಲಾಕ್ ಕೊಲ್ಲಿಯಲ್ಲಿ ನೀರು ಬಹಳ ದೂರದವರೆಗೆ ಆಳವಿಲ್ಲ, ಬಿದ್ದರೆ ಎದ್ದು ನಿಲ್ಲಬಹುದು, ಆದ್ದರಿಂದ ವಿಂಡ್‌ಸರ್ಫಿಂಗ್ ಕಲಿಯಲು ಒಳ್ಳೆಯ ಜಾಗ. ಸಸ್ಯಾಹಾರಿಗಳಿದ್ದರೆ ಅಡುಗೆಮನೆ ಇರುವ ಕೋಣೆಯನ್ನೇ ಹಿಡಿಯಿರಿ. ರಾಜಧಾನಿ ಕ್ರಾಲೆಂಡೈಕ್‌ನ ಸೂಪರ್‌ಮಾರ್ಕೆಟ್‌ನಲ್ಲಿ ಅಕ್ಕಿ, ತರಕಾರಿ, ಮೊಸರು ಸಿಗುತ್ತದೆ. ಪುಳಿಯೋಗರೆ ಗೊಜ್ಜು ನಿಮ್ಮ ಪೆಟ್ಟಿಗೆಯಲ್ಲಿರಲಿ.

ರೆಸಾರ್ಟಿನ ಆತಿಥ್ಯವನ್ನು ಫೋಟೋ ನೋಡಿ ಅಳೆಯಬೇಡಿ, ಇಮೇಲ್ ಬರೆದು ಅಳೆಯಿರಿ. ಒಬ್ಬ ಗೈಡ್‌ಗೆ ಎಷ್ಟು ಡೈವರ್‌ಗಳು? ದೋಣಿಯಲ್ಲಿ ಆಮ್ಲಜನಕದ ಕಿಟ್ ಇದೆಯೇ? ಡೈವ್ ಮಾಡದವರು ದೋಣಿ ಹತ್ತಬಹುದೇ? ಬೇಡವೆಂದು ಬಿಟ್ಟ ಡೈವ್ ಇನ್ನೊಂದು ದಿನಕ್ಕೆ ಸಿಗುತ್ತದೆಯೇ? ತಾಳ್ಮೆಯಿಂದ ಪೂರ್ತಿ ಉತ್ತರಿಸುವ ಜಾಗಕ್ಕೆ ಹೋಗಿ.

ಕೊನೆಯ ದಿನ ಬರೀ ಒಣ ನೆಲ. ಹಲವು ದಿನ ಡೈವ್ ಮಾಡಿದ ಮೇಲೆ, ಮೈಯಲ್ಲಿ ಸೇರಿದ ಸಾರಜನಕ ಹೊರಹೋಗಲೆಂದು, ವಿಮಾನ ಹತ್ತಲು ಕನಿಷ್ಠ 18 ಗಂಟೆ ಬಿಡಬೇಕು, 24 ಬಿಟ್ಟರೆ ಇನ್ನೂ ಒಳ್ಳೆಯದು. ಆ ಹೊತ್ತಿನಲ್ಲಿ ದಕ್ಷಿಣದ ಉಪ್ಪಿನಗದ್ದೆಗಳಿಗೆ ಹೋಗಿ. ಗುಲಾಬಿ ನೀರು, ಬಿಳಿ ಉಪ್ಪಿನ ಗುಡ್ಡಗಳು, ದೂರದಲ್ಲಿ ಫ್ಲೆಮಿಂಗೊಗಳು. ಅಲ್ಲೇ ಕಡಲಂಚಿಗೆ 1850ರ ಸುಮಾರಿಗೆ ಕಟ್ಟಿದ ಗುಲಾಮರ ಗುಡಿಸಲುಗಳಿವೆ. ಕಲ್ಲಿನ ಗೋಡೆ, ಬಾಗಿಲು ಸೊಂಟದೆತ್ತರ; ದೊಡ್ಡವರು ತೆವಳಿಯೇ ಒಳಹೋಗಬೇಕು. ಉಪ್ಪು ಹೊತ್ತು ದಣಿದವರು ಮಲಗುತ್ತಿದ್ದುದು ಅಲ್ಲಿ. ಡಚ್ಚರು ಇಲ್ಲಿ ಗುಲಾಮಗಿರಿ ಕೊನೆಗೊಳಿಸಿದ್ದು 1863ರಲ್ಲಿ. ಈ ದ್ವೀಪಕ್ಕೆ ಹೋಗಿ ಅದನ್ನು ನೋಡದೆ ಬರಬೇಡಿ.

ಪ್ರಶ್ನೆ: ನಮ್ಮ ಗುಂಪಿನಲ್ಲಿ ಯಾವಾಗಲೂ ನನ್ನ ಗಾಳಿಯೇ ಮೊದಲು ಮುಗಿಯುತ್ತದೆ. ನನ್ನಿಂದಾಗಿ ಎಲ್ಲರೂ ಬೇಗ ಮೇಲೆ ಬರಬೇಕಾಗುತ್ತದೆ. ನಾಚಿಕೆಯಾಗಿ ಉಸಿರು ತಡೆದು ತಡೆದು ಬಿಡುತ್ತಿದ್ದೇನೆ. ತಪ್ಪೇ? — ಡಲ್ಲಾಸ್

ಉತ್ತರ: ತಪ್ಪು, ಇವತ್ತೇ ಬಿಡಿ. ಉಸಿರು ಹಿಡಿದು ಮೇಲೇರಿದರೆ ಶ್ವಾಸಕೋಶಕ್ಕೆ ಗಾಯವಾಗುತ್ತದೆ, ಹಿಡಿದಿಟ್ಟ ಇಂಗಾಲದ ಡೈಆಕ್ಸೈಡ್‌ನಿಂದ ತಲೆನೋವು, ಗಾಬರಿ ಬರುತ್ತವೆ.

ಲೆಕ್ಕ ನೋಡಿ. ಸಾಮಾನ್ಯ ಸಿಲಿಂಡರ್ 11 ಲೀಟರಿನದು, 200 ಬಾರ್ ಒತ್ತಡದಲ್ಲಿ ತುಂಬಿದರೆ ಸುಮಾರು 2,200 ಲೀಟರ್ ಗಾಳಿ. 50 ಬಾರ್ ಮೀಸಲು ಬಿಟ್ಟರೆ ಕೈಗೆ ಸಿಗುವುದು 1,650. ಮೇಲ್ಮೈಯಲ್ಲಿ ನಿಮಿಷಕ್ಕೆ 20 ಲೀಟರ್ ಉಸಿರಾಡುವವರು 20 ಮೀಟರ್ ಆಳದಲ್ಲಿ ಒತ್ತಡ ಹೆಚ್ಚಿರುವುದರಿಂದ ಮೂರು ಪಟ್ಟು, ಅಂದರೆ 60 ಲೀಟರ್ ಎಳೆಯುತ್ತಾರೆ: 27 ನಿಮಿಷ. ಅದೇ ಜನ 10 ಮೀಟರಿನಲ್ಲಿ 41 ನಿಮಿಷ ಇರಬಹುದು. ಬೊನೇರ್‌ನಲ್ಲಿ ಹವಳದ ಇಳಿಜಾರು ಬಹಳ ಕಡೆ 10 ಮೀಟರಿಗೇ ಶುರುವಾಗುತ್ತದೆ, ಮೀನಿನ ಸಂತೆಯೂ ಅಲ್ಲೇ. ಆಳಕ್ಕೆ ಹೋಗದೆ ಏನನ್ನೂ ಕಳೆದುಕೊಳ್ಳುವುದಿಲ್ಲ.

ಗಾಳಿ ಬೇಗ ಮುಗಿಯಲು ಕಾರಣ ಸಾಮಾನ್ಯವಾಗಿ ಸೊಂಟಕ್ಕೆ ಕಟ್ಟಿದ ಹೆಚ್ಚಿನ ತೂಕ, ಕೈ ಬೀಸಿ ಈಜುವುದು, ನೆಟ್ಟಗೆ ನಿಂತ ಭಂಗಿ. ಮೈ ದೊಡ್ಡದಿದ್ದರೆ ಸ್ವಲ್ಪ ಹೆಚ್ಚು ಬೇಕೇ ಬೇಕು, ಅದರಲ್ಲಿ ನಾಚುವುದೇನಿದೆ? ತೂಕ ಸರಿಪಡಿಸಿ, ಕೈ ಕಟ್ಟಿಕೊಳ್ಳಿ, ಉಸಿರು ಬಿಡುವುದನ್ನು ಉದ್ದ ಮಾಡಿ. ನಿಮ್ಮಷ್ಟೇ ಗಾಳಿ ಬಳಸುವವರನ್ನು ಜೋಡಿ ಮಾಡಿಕೊಳ್ಳಿ. ನೀವಿಬ್ಬರು ಮೇಲೆ ಬಂದರೆ ಉಳಿದ ಜೋಡಿಗಳು ಅವರ ಪಾಡಿಗೆ ಇರಲಿ.

ಪ್ರಶ್ನೆ: ವಯಸ್ಸು 58, ರಕ್ತದೊತ್ತಡಕ್ಕೆ ಮಾತ್ರೆ ತೆಗೆದುಕೊಳ್ಳುತ್ತೇನೆ. ಹ್ಯೂಸ್ಟನ್‌ನಲ್ಲಿರುವ ಮಗ ತನ್ನ ಗೆಳೆಯರ ಜೊತೆ ಬೊನೇರ್‌ಗೆ ಕರೆಯುತ್ತಿದ್ದಾನೆ. ಡೈವ್ ಮಾಡಬಹುದೇ? — ಮೈಸೂರು

ಉತ್ತರ: ವೈದ್ಯರು ಬರೆದುಕೊಟ್ಟರೆ ಮಾಡಬಹುದು. ಡೈವಿಂಗ್ ಆರೋಗ್ಯ ಪ್ರಶ್ನಾವಳಿಯಲ್ಲಿ 45 ದಾಟಿ ರಕ್ತದೊತ್ತಡ ಇರುವವರು ವೈದ್ಯರ ಸಹಿ ತರಲೇಬೇಕು. ಬೊನೇರ್ ತಲುಪಿದ ಮೇಲೆ ಆ ಕಾಗದ ತುಂಬಿ ಸಿಕ್ಕಿಹಾಕಿಕೊಳ್ಳುವವರು ಬಹಳ, ಅದನ್ನು ಮೈಸೂರಿನಲ್ಲೇ ಮುಗಿಸಿ. ಹೃದ್ರೋಗ ತಜ್ಞರ ಬಳಿ ಟ್ರೆಡ್‌ಮಿಲ್ ಪರೀಕ್ಷೆ ಬೇಕೇ ಎಂದು ಕೇಳಿ, ಮಾತ್ರೆಯ ಹೆಸರು ತೋರಿಸಿ. ಕೆಲವು ಮಾತ್ರೆಗಳು ದಣಿವು ತಡೆಯುವ ಶಕ್ತಿ ಕುಗ್ಗಿಸುತ್ತವೆ, ಮೂತ್ರ ಹೆಚ್ಚಿಸುವಂಥವು ಬಿಸಿಲಿನಲ್ಲಿ ಮೈಯ ನೀರು ಇಳಿಸುತ್ತವೆ. ವಯಸ್ಸಾದ ಡೈವರ್‌ಗಳ ಸಾವುಗಳಲ್ಲಿ ಹೃದಯದ ತೊಂದರೆಯ ಪಾಲು ದೊಡ್ಡದು. ದಯವಿಟ್ಟು ಪ್ರಶ್ನಾವಳಿಯಲ್ಲಿ "ಇಲ್ಲ" ಎಂದು ಸುಳ್ಳು ಗುರುತು ಹಾಕಬೇಡಿ. ಅನುಮತಿ ಸಿಕ್ಕರೆ ಭಾರದ ಸಿಲಿಂಡರನ್ನು ಕಲ್ಲುದಡದ ಮೇಲೆ ಮಗ ಹೊರಲಿ, ನೀವು ನೀರಿನಲ್ಲಿ ನಿಂತು ಹಾಕಿಕೊಳ್ಳಿ. ಮೆಟ್ಟಿಲು ಹತ್ತಬೇಕಾದ ತಾಣಗಳು ನಿಮಗೆ ಬೇಡ.

ಪ್ರಶ್ನೆ: ಬೆಂಗಳೂರಿನಿಂದ ಆಮ್‌ಸ್ಟರ್‌ಡಾಮ್ ಮೂಲಕ ಬೊನೇರ್‌ಗೆ ಹೋಗಿ ಗೆಳತಿಯರನ್ನು ಸೇರಿಕೊಳ್ಳುತ್ತೇನೆ. ಅವರು ಅಮೆರಿಕದಿಂದ ಬರುತ್ತಾರೆ. ವೀಸಾ, ವಿಮೆ ವಿಷಯದಲ್ಲಿ ಏನು ಗಮನಿಸಬೇಕು?

ಉತ್ತರ: ಬೊನೇರ್ 2010ರ ಅಕ್ಟೋಬರ್ 10ರಿಂದ ನೆದರ್‌ಲೆಂಡ್ಸ್‌ನ ವಿಶೇಷ ಪುರಸಭೆ, ಆದರೆ ಯುರೋಪಿನ ಹಲವು ದೇಶಗಳಿಗೆ ಒಂದೇ ವೀಸಾ ನಡೆಯುವ ಷೆಂಗನ್ ವಲಯದಲ್ಲಿಲ್ಲ. ಆಮ್‌ಸ್ಟರ್‌ಡಾಮ್‌ನಿಂದ ಅಲ್ಲಿಗೆ ಹಾರಿದಾಗ ನೀವು ಷೆಂಗನ್‌ನಿಂದ ಹೊರಬಿದ್ದಂತೆ. ಒಂದೇ ಪ್ರವೇಶದ ವೀಸಾದಲ್ಲಿ ಯುರೋಪಿನೊಳಗೆ ಇಳಿದು ಹೋಗಿದ್ದರೆ ಮರಳಿ ಒಳಬರಲಾಗದು. ಆದ್ದರಿಂದ ಬಹು ಪ್ರವೇಶದ್ದನ್ನೇ ಕೇಳಿ, ದ್ವೀಪದ ವೀಸಾ ಬಗ್ಗೆ ಡಚ್ ದೂತಾವಾಸದಿಂದ ಲಿಖಿತ ಉತ್ತರ ಪಡೆಯಿರಿ. ಎಚ್-1ಬಿ ಇರುವ ಗೆಳತಿಯರು ಪಾಸ್‌ಪೋರ್ಟಿನ ವೀಸಾ ಸ್ಟಾಂಪ್ ಚಾಲ್ತಿಯಲ್ಲಿದೆಯೇ ನೋಡಿಕೊಳ್ಳಲಿ. ಅವಧಿ ಮುಗಿದಿದ್ದರೆ ಹೊಸದನ್ನು ಹಾಕಿಸದೆ ಅಮೆರಿಕಕ್ಕೆ ಮರಳಲಾಗುವುದಿಲ್ಲ. ಖರ್ಚಿಗೆ ಡಾಲರ್ ಇಟ್ಟುಕೊಳ್ಳಿ, ಅಲ್ಲಿ 2011ರಿಂದ ಅದೇ ಚಲಾವಣೆ.

ಮಾಮೂಲಿ ಪ್ರವಾಸ ವಿಮೆ ಸ್ಕೂಬಾವನ್ನು ಹೊರಗಿಡುವುದೇ ಹೆಚ್ಚು. ಡೈವಿಂಗ್‌ಗೆಂದೇ ಇರುವ ವಿಮೆ ಮಾಡಿಸಿ. ದ್ವೀಪದಲ್ಲಿ ರೀಕಂಪ್ರೆಷನ್ ಚೇಂಬರ್ (ಬೇಗ ಮೇಲೆ ಬಂದು ಮೈಯಲ್ಲಿ ಗಾಳಿಗುಳ್ಳೆ ಕಟ್ಟಿದವರಿಗೆ ಒತ್ತಡ ಕೊಟ್ಟು ಚಿಕಿತ್ಸೆ ಮಾಡುವ ಕೋಣೆ) ಇದೆ, ಚಿಕಿತ್ಸೆ ದುಬಾರಿ. ಇನ್ನೊಂದು: ಡೈವ್‌ಗೆ ಹೋಗುವಾಗ ಪಿಕಪ್‌ನಲ್ಲಿ ಪಾಸ್‌ಪೋರ್ಟ್, ಫೋನ್ ಏನನ್ನೂ ಬಿಡಬೇಡಿ. ಕಳ್ಳತನ ಇದೆ, ಅಲ್ಲಿನವರು ಗಾಜು ಒಡೆಯದಿರಲೆಂದು ಖಾಲಿ ಗಾಡಿಯ ಕಿಟಕಿ ಇಳಿಸಿಯೇ ಹೋಗುತ್ತಾರೆ.

ಪ್ರಶ್ನೆ: ಅಲ್ಲಿನ ಹವಳಕ್ಕೆ ರೋಗ ಬಂದಿದೆಯಂತೆ. ನಾವು ಗುಂಪಾಗಿ ಹೋದರೆ ಇನ್ನಷ್ಟು ಹಾಳಾಗುವುದಿಲ್ಲವೇ? — ಶಿವಮೊಗ್ಗ

ಉತ್ತರ: ಈ ಪ್ರಶ್ನೆ ಕೇಳಿದ್ದಕ್ಕೆ ಮನಸಾರೆ ವಂದನೆ. ಫ್ಲಾರಿಡಾದಲ್ಲಿ 2014ರಲ್ಲಿ ಕಾಣಿಸಿದ ಗಟ್ಟಿ ಹವಳದ ಅಂಗಾಂಶ ನಾಶ ರೋಗ 2023ರಲ್ಲಿ ಬೊನೇರ್ ತಲುಪಿತು. ಮಿದುಳಿನ ಆಕಾರದ ಹವಳಗಳಲ್ಲಿ ಒಂದು ಬಿಳಿ ಮಚ್ಚೆ ಕಾಣಿಸಿ, ಅಂಚು ಸರಿಯುತ್ತಾ ಹೋಗಿ, ನೂರಾರು ವರ್ಷದ ಗುಡ್ಡೆಯೊಂದು ಕೆಲವು ವಾರಗಳಲ್ಲಿ ಬರೀ ಸುಣ್ಣವಾಗುತ್ತದೆ. ಅದನ್ನು ಹತ್ತಿರದಿಂದ ನೋಡುವುದು ಸಂಕಟದ ವಿಷಯ. ಮನುಷ್ಯರಿಗೆ ಅಂಟುವುದಿಲ್ಲ, ಆದರೆ ನಮ್ಮ ಒದ್ದೆ ಸಲಕರಣೆ ಅದನ್ನು ತಾಣದಿಂದ ತಾಣಕ್ಕೆ ಒಯ್ಯುವ ಅಪಾಯವಿದೆ.

ಹೋಗಬೇಡಿ ಎನ್ನಲಾರೆ. ಆ ಉದ್ಯಾನದ ಕಾವಲಿಗೆ ನಿಮ್ಮ ಶುಲ್ಕದ ಹಣವೇ ಆಧಾರ. ಯಾವ ತಾಣ ಯಾವ ಸ್ಥಿತಿಯಲ್ಲಿದೆ ಎಂದು ಸ್ಟಿನಾಪಾದವರನ್ನು ಕೇಳಿ. ರೋಗವಿಲ್ಲದ ತಾಣಕ್ಕೆ ಬೆಳಿಗ್ಗೆ, ಇರುವ ತಾಣಕ್ಕೆ ದಿನದ ಕೊನೆಗೆ ಹೋಗಿ. ಬಿಸಿಡಿಯ ಒಳಗೆ ಉಳಿದ ನೀರನ್ನು ಡೈವ್ ಆದ ಜಾಗದಲ್ಲೇ ಚೆಲ್ಲಿ, ಸಂಜೆ ರೆಸಾರ್ಟಿನ ಸೋಂಕುನಿವಾರಕ ತೊಟ್ಟಿಯಲ್ಲಿ ಎಲ್ಲವನ್ನೂ ಅದ್ದಿ, ಸಿಹಿನೀರಿನಲ್ಲಿ ತೊಳೆದು, ಪೂರ್ತಿ ಒಣಗಿಸಿ. ಹವಳಕ್ಕೆ ಹಾನಿಕರವಾದ ಆಕ್ಸಿಬೆನ್‌ಜೋನ್ ಎಂಬ ರಾಸಾಯನಿಕ ಇರುವ ಸನ್‌ಸ್ಕ್ರೀನ್ ಬಿಟ್ಟು ತುಂಬುತೋಳಿನ ಈಜುಡುಗೆ ಹಾಕಿಕೊಳ್ಳಿ. ಗುಂಪಿನಲ್ಲಿ ತೇಲುವ ಹಿಡಿತ ಇನ್ನೂ ಬಾರದವರಿಗೆ ಮೊದಲ ಎರಡು ದಿನ ಕ್ಯಾಮೆರಾ ಕೊಡಬೇಡಿ. ಫೋಟೋ ತೆಗೆಯಲು ನಿಲ್ಲುವಾಗಲೇ ಕಾಲಿನ ಫಿನ್ಸ್ ಹವಳಕ್ಕೆ ಬಡಿಯುವುದು.